ಮುಕ್ಕಾಲು ಇಂಚಿನ ನಾವಿಕ

ಮೂರು ರಾತ್ರಿ ಕೂತು ಕಟ್ಟಿದ ಹಗ್ಗದ ಏಣಿಯನ್ನು ನಾಲ್ಕನೆಯ ರಾತ್ರಿ ಬ್ಲೇಡಿನಿಂದ ಕತ್ತರಿಸಿ ಹಾಕಿದೆ. ಹಾಸ್ಟೆಲ್ಲಿನ ಪಕ್ಕದ ಕೋಣೆಯ ಗೆಳೆಯ ಬಾಗಿಲಲ್ಲಿ ನಿಂತು, "ಏನು ಮಾರಾಯ, ಥೀಸಿಸ್ ಬಿಟ್ಟು ಹಡಗು ಹತ್ತಿದೆ ಅಂದ್ಕೊಂಡಿದ್ದೆ, ಈಗ ಅದನ್ನೂ ಮುಳುಗಿಸ್ತಿದೀಯಾ?" ಅಂದ.

ನಾನು ಕಟ್ಟುತ್ತಿದ್ದುದು 'ಕಟಿ ಸಾರ್ಕ್' ಎಂಬ ಬ್ರಿಟಿಷ್ ಕ್ಲಿಪ್ಪರ್ ಹಡಗಿನ ಮಾದರಿ. ಅಳತೆ 1:96. ಅಂದರೆ ನಿಜ ಹಡಗಿನ ಎಂಟು ಅಡಿ ಇಲ್ಲಿ ಒಂದು ಇಂಚು. ಹಾಯಿಕಂಬವನ್ನು ಇಕ್ಕೆಲದಿಂದ ಬಿಗಿದು ಹಿಡಿಯುವ ದಪ್ಪ ಹಗ್ಗಗಳಿಗೆ ಅಡ್ಡಡ್ಡವಾಗಿ ತೆಳು ಹಗ್ಗ ಕಟ್ಟಿದರೆ ಅದೇ ನಾವಿಕರು ಮೇಲೇರುವ ಏಣಿ. ಕಿಟ್‌ನಲ್ಲಿ ಬಂದಿದ್ದ ಪ್ಲಾಸ್ಟಿಕ್ ಏಣಿ ಬೇಡವೆಂದು ನಾನು ಹೊಲಿಗೆ ದಾರದಲ್ಲಿ ಗಂಟು ಹಾಕುತ್ತಿದ್ದೆ. ಮೆಟ್ಟಿಲಿಂದ ಮೆಟ್ಟಿಲಿಗೆ 7 ಮಿಲಿಮೀಟರ್ ಬಿಟ್ಟಿದ್ದೆ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಲೆಕ್ಕ ಹಾಕಿ ನೋಡಿದರೆ ಅದು ನಿಜ ಹಡಗಿನ 26 ಇಂಚು! ಆರಡಿ ಎತ್ತರದ ನಾವಿಕ ನನ್ನ ಹಡಗಿನಲ್ಲಿ ಬರೀ ಮುಕ್ಕಾಲು ಇಂಚು. ಮಳೆಗಾಳಿಯ ರಾತ್ರಿಯಲ್ಲಿ, ಒದ್ದೆ ಹಗ್ಗದ ಮೇಲೆ, ಪ್ರತಿ ಹೆಜ್ಜೆಗೂ ತೊಡೆಯೆತ್ತರ ಕಾಲೆತ್ತಿ ಅವನು ಹತ್ತುವುದಾದರೂ ಹೇಗೆ? ಅಂತರ ಸುಮಾರು 4 ಮಿಲಿಮೀಟರ್ ಇರಬೇಕಿತ್ತು. ಹಾಗಾಗಿ ಕತ್ತರಿಸಿದೆ.

ಹಿಂದೂ ಮಹಾಸಾಗರದ ವ್ಯಾಪಾರದ ಬಗ್ಗೆ ನಾಲ್ಕು ವರ್ಷಗಳಿಂದ ಓದುತ್ತಿದ್ದೇನೆ. ಹಡಗು ಎಂಬುದು ನನ್ನ ಟಿಪ್ಪಣಿಗಳಲ್ಲಿ ಒಂದು ಹೆಸರು, ಒಂದು ತಾರೀಕು, ಇಷ್ಟು ಟನ್ ಸರಕು ಮಾತ್ರ ಆಗಿತ್ತು. ಅದನ್ನು ಹತ್ತುವವನ ಕಾಲು ಎಷ್ಟೆತ್ತರ ಏಳುತ್ತದೆ ಎಂಬ ಪ್ರಶ್ನೆಯನ್ನು ಯಾವ ದಾಖಲೆಯೂ ನನ್ನಲ್ಲಿ ಹುಟ್ಟಿಸಿರಲಿಲ್ಲ.

ಕ್ಲಿಪ್ಪರ್‌ಗಳು ವೇಗಕ್ಕಾಗಿ ಹುಟ್ಟಿದ ಹಡಗುಗಳು. ಕಿರಿದಾದ ಒಡಲು, ನೀರನ್ನು ಸೀಳುವ ಚೂಪು ಮೂತಿ, ಹೊರಲಾರದಷ್ಟು ಹಾಯಿ. ಚೀನಾದ ಹೊಸ ಚಹಾ ಲಂಡನ್ನಿಗೆ ಮೊದಲು ತಲುಪಿಸಿದವರಿಗೆ ಒಳ್ಳೆಯ ಬೆಲೆ. ಜಾನ್ ವಿಲಿಸ್ ಎಂಬ ಹಡಗು ಮಾಲೀಕ ಆ ಪಂದ್ಯಕ್ಕೆಂದೇ ಕಟಿ ಸಾರ್ಕ್ ಕಟ್ಟಿಸಿದ. ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ 1869ರ ನವೆಂಬರ್ 22ರಂದು ಅದು ನೀರಿಗಿಳಿಯಿತು. ಉದ್ದ 212 ಅಡಿ, ಅಗಲ 36 ಅಡಿ. ಕಬ್ಬಿಣದ ಪಕ್ಕೆಲುಬು, ಅದರ ಮೇಲೆ ಮರದ ಹಲಗೆ. ಟನ್ನಿಗೆ 17 ಪೌಂಡಿನ ಕರಾರು ಒಪ್ಪಿಕೊಂಡ ಸ್ಕಾಟ್ ಅಂಡ್ ಲಿಂಟನ್ ಕಂಪನಿ ಕೆಲಸ ಮುಗಿಯುವ ಮೊದಲೇ ದಿವಾಳಿಯಾಗಿ, ಉಳಿದದ್ದನ್ನು ಡೆನ್ನಿ ಕಂಪನಿ ಪೂರೈಸಬೇಕಾಯಿತು. ಇನ್ನೊಂದು ವಿಪರ್ಯಾಸ: ಹಡಗು ನೀರಿಗಿಳಿಯುವ ಐದು ದಿನ ಮೊದಲು, ನವೆಂಬರ್ 17ರಂದು, ಸೂಯೆಜ್ ಕಾಲುವೆ ತೆರೆದಿತ್ತು. ಉಗಿಹಡಗುಗಳಿಗೆ ಹತ್ತಿರದ ದಾರಿ ಸಿಕ್ಕಿತು. ಹಾಯಿಹಡಗಿಗೆ ಆ ದಾರಿ ಒಗ್ಗುತ್ತಿರಲಿಲ್ಲ, ಅದು ಆಫ್ರಿಕಾವನ್ನು ಬಳಸಿಯೇ ಹೋಗಬೇಕು. ಅಂದರೆ ಈ ಹಡಗು ಹುಟ್ಟಿದ ವಾರದಲ್ಲೇ ಅದರ ಕಾಲ ಮುಗಿಯತೊಡಗಿತ್ತು.

ಕಿಟ್ ಪೆಟ್ಟಿಗೆ ತೆರೆದಾಗ ಮೊದಲು ಕೈಗೆ ಬಂದದ್ದು ಒಡಲಿನ ಎರಡು ಹೋಳುಗಳು. ಹಡಗಿನ ಎಡವೂ ಬಲವೂ ಒಂದೇ ಆಕಾರವಾದ್ದರಿಂದ, ಆ ಕಾಲದ ಹಡಗು ಕಟ್ಟುವವರು ಮರದ ತುಂಡಿನಲ್ಲಿ ಅರ್ಧ ಒಡಲನ್ನಷ್ಟೇ ಕೆತ್ತುತ್ತಿದ್ದರು. ಅದನ್ನು ಕೈಯಲ್ಲಿ ಸವರಿ, ನೀರು ಹೇಗೆ ಹರಿದೀತೆಂದು ಅಂದಾಜು ಮಾಡಿ, ಅಲ್ಲಿಂದ ಅಳತೆ ಎತ್ತಿ ದೊಡ್ಡದು ಮಾಡುತ್ತಿದ್ದರು. ನಾವು ಮಾದರಿಯನ್ನು ಹಡಗಿನ ನಕಲು ಅನ್ನುತ್ತೇವೆ. ಎಷ್ಟೋ ಹಡಗುಗಳ ವಿಷಯದಲ್ಲಿ ಮಾದರಿಯೇ ಮೊದಲು, ಹಡಗು ಅದರ ನಕಲು.

ಕಟಿ ಸಾರ್ಕ್‌ನ ವಿನ್ಯಾಸಕ ಹರ್ಕ್ಯುಲಿಸ್ ಲಿಂಟನ್‌ಗೆ ಇನ್ನೊಂದು ಮಾದರಿಯೂ ಇತ್ತು. ವಿಲಿಸ್ ಬಳಿ 'ದಿ ಟ್ವೀಡ್' ಎಂಬ ಹಡಗಿತ್ತು. ಅದರ ವೇಗಕ್ಕೆ ಮಾರುಹೋಗಿದ್ದ ಅವನು ಲಿಂಟನ್‌ನನ್ನು ಕರೆದೊಯ್ದು ಅದನ್ನು ತೋರಿಸಿದನೆಂದೂ, ಕಟಿ ಸಾರ್ಕ್‌ನ ಮೂತಿಯ ರೇಖೆಗಳು ಅದರಿಂದ ಬಂದವೆಂದೂ ಹೇಳುತ್ತಾರೆ. ಟ್ವೀಡ್‌ನ ಹಳೆಯ ಹೆಸರು 'ಪಂಜಾಬ್'. ಈಸ್ಟ್ ಇಂಡಿಯಾ ಕಂಪನಿಯ ನೌಕಾಪಡೆಗಾಗಿ ಬೊಂಬಾಯಿಯ ಹಡಗುಕಟ್ಟೆಯಲ್ಲಿ ಪಾರ್ಸಿ ವಾಡಿಯಾ ಮನೆತನದವರು ತೇಗದ ಮರದಲ್ಲಿ ಕಟ್ಟಿದ ಚಕ್ರದ ಉಗಿಹಡಗು ಅದು. 1863ರಲ್ಲಿ ವಿಲಿಸ್ ಕೊಂಡು, ಎಂಜಿನ್ ಕೀಳಿಸಿ, ಹಾಯಿಹಡಗು ಮಾಡಿಸಿದ. ಇದನ್ನು ಓದಿದ ರಾತ್ರಿ ಮಾದರಿಯ ಮೂತಿಗೆ ಮತ್ತೊಮ್ಮೆ ಸ್ಯಾಂಡ್‌ಪೇಪರ್ ಹಿಡಿದು ನಯ ಮಾಡಿದೆ. ಸ್ಕಾಟ್ಲೆಂಡಿನ ಹೆಮ್ಮೆ ಎನ್ನುವ ಆ ಬಾಗಿನಲ್ಲಿ ಬೊಂಬಾಯಿಯ ಬಡಗಿಗಳ ಕೈಯೂ ಇರಬಹುದಲ್ಲ!

ಒಡಲು ಅಂಟಿಸಿದ ಮೇಲೆ ಎದುರಾದದ್ದು ಚರಿತ್ರೆಯ ವಿದ್ಯಾರ್ಥಿ ತಪ್ಪಿಸಿಕೊಳ್ಳಲಾಗದ ಪ್ರಶ್ನೆ: ನಾನು ಕಟ್ಟುವುದು ಯಾವ ವರ್ಷದ ಕಟಿ ಸಾರ್ಕ್? 1869ರಲ್ಲಿ ಕಂಬಗಳು ಬಲು ಎತ್ತರ. 1880ರಲ್ಲಿ ಅವನ್ನು ತಗ್ಗಿಸಿ ಹಾಯಿ ಕಡಿಮೆ ಮಾಡಿದರು. ಚಹಾ ಉಗಿಹಡಗುಗಳ ಪಾಲಾದ ಮೇಲೆ ಇದು ಆಸ್ಟ್ರೇಲಿಯಾದ ಉಣ್ಣೆ ಹೊತ್ತಿತು. ಕ್ಯಾಪ್ಟನ್ ರಿಚರ್ಡ್ ವುಡ್‌ಗೆಟ್‌ನ ಕೈಯಲ್ಲಿ ಸಿಡ್ನಿಯಿಂದ ಇಂಗ್ಲೆಂಡಿಗೆ 73 ದಿನಗಳಲ್ಲಿ ಬಂತು. ನಿಜವಾದ ಕೀರ್ತಿ ಬಂದದ್ದು ಆಗಲೇ. 1895ರಲ್ಲಿ ಪೋರ್ಚುಗೀಸರಿಗೆ ಮಾರಾಟವಾಗಿ 'ಫೆರೇರಾ' ಎಂಬ ಹೆಸರು ಹೊತ್ತಿತು. 1922ರಲ್ಲಿ ಕ್ಯಾಪ್ಟನ್ ಡೌಮನ್ ಎಂಬಾತ ಕೊಂಡು ತಂದು ದುರಸ್ತಿ ಮಾಡಿಸಿದ. 1954ರಲ್ಲಿ ಗ್ರೀನಿಚ್‌ನ ಒಣ ಕಟ್ಟೆಗೆ ಬಂದು ನಿಂತಿತು. ಎಲ್ಲವೂ ಕಟಿ ಸಾರ್ಕ್‌ಗಳೇ. ಆದರೆ ಮಾದರಿಯಲ್ಲಿ 'ಸುಮಾರು' ಎಂಬ ಪದಕ್ಕೆ ಜಾಗವಿಲ್ಲ, ಕಂಬವನ್ನು ಒಂದೇ ಎತ್ತರಕ್ಕೆ ಕತ್ತರಿಸಬೇಕು. ಪ್ರಬಂಧದಲ್ಲಿ "ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ" ಎಂದು ಬರೆದು ಎಷ್ಟು ಸಲ ಜಾರಿಕೊಂಡಿದ್ದೇನೆಂದು ನೆನಪಾಗಿ ನಾಚಿಕೆಯಾಯಿತು.

ನಾನು 1872ನ್ನು ಆರಿಸಿಕೊಂಡೆ. ಆ ವರ್ಷ ಜೂನ್‌ನಲ್ಲಿ ಶಾಂಘೈಯಿಂದ ಥರ್ಮೊಪಿಲೆ ಎಂಬ ಎದುರಾಳಿಯ ಜೊತೆ ಹೊರಟ ಕಟಿ ಸಾರ್ಕ್, ಹಿಂದೂ ಮಹಾಸಾಗರದಲ್ಲಿ ಮುಂದಿದ್ದಾಗಲೇ ಬಿರುಗಾಳಿಗೆ ಸಿಕ್ಕಿ ಚುಕ್ಕಾಣಿ ಕಳೆದುಕೊಂಡಿತು. ಹಡಗಿನ ಬಡಗಿ ಹೆನ್ರಿ ಹೆಂಡರ್ಸನ್, ಹೊಯ್ದಾಡುವ ಡೆಕ್ಕಿನ ಮೇಲೆ ಕುಲುಮೆ ಹೂಡಿ, ಹೆಚ್ಚುವರಿ ಮರಗಳಿಂದ ಹೊಸ ಚುಕ್ಕಾಣಿ ಮಾಡಿದ. ಥರ್ಮೊಪಿಲೆ ತಲುಪಿದ ಒಂದು ವಾರಕ್ಕೆ ಇದೂ ಲಂಡನ್ ಸೇರಿತು. ಸೋತ ವರ್ಷವನ್ನು ಯಾಕೆ ಆರಿಸಿದೆ ಎಂದು ಗೆಳೆಯ ಕೇಳಿದ. ಮಾಲೀಕನ, ಕ್ಯಾಪ್ಟನ್ನನ ಹೆಸರಿನ ಜೊತೆಗೆ ಬಡಗಿಯೊಬ್ಬನ ಹೆಸರೂ ಉಳಿದ ವರ್ಷ ಅದು ಎಂದೆ.

ಎಲ್ಲ ನಾವಿಕರ ಕಥೆಯೂ ಹೀಗೆ ಮೆಚ್ಚುವಂಥದ್ದಲ್ಲ. 1880ರಲ್ಲಿ ಇದೇ ಡೆಕ್ಕಿನಲ್ಲಿ ಜಾನ್ ಫ್ರಾನ್ಸಿಸ್ ಎಂಬ ಕಪ್ಪು ನಾವಿಕನನ್ನು ಹಡಗಿನ ಮೇಟ್ ಹೊಡೆದು ಕೊಂದ. ಕ್ಯಾಪ್ಟನ್ ವಾಲೆಸ್ ಆ ಮೇಟ್‌ಗೆ ತಪ್ಪಿಸಿಕೊಳ್ಳಲು ನೆರವಾಗಿ, ಆಮೇಲೆ ತಾನೇ ಜಾವಾ ಸಮುದ್ರಕ್ಕೆ ಹಾರಿದ. ಜೋಸೆಫ್ ಕಾನ್ರಾಡ್‌ನ 'ದಿ ಸೀಕ್ರೆಟ್ ಶೇರರ್' ಕಥೆಗೆ ಮೂಲ ಈ ಘಟನೆಯೇ. ಆ ಕಥೆ ಓದಿದವರಿಗೆ ನೆನಪುಳಿಯುವುದು ಕೊಂದವನ ತಳಮಳ. ಸತ್ತವನಿಗೆ ಅಲ್ಲಿ ಹೆಚ್ಚು ಜಾಗವಿಲ್ಲ.

ಮಾದರಿಯಲ್ಲಿ ಅವನಿಗೂ ಜಾಗವಿಲ್ಲ. ನಯವಾದ ಒಡಲು, ಮೂತಿಯ ಕೆಳಗೆ ಕುದುರೆ ಬಾಲ ಹಿಡಿದ ಬಿಳಿ ಬೊಂಬೆ. ರಾಬರ್ಟ್ ಬರ್ನ್ಸ್‌ನ 'ಟ್ಯಾಮ್ ಒ ಶಾಂಟರ್' ಪದ್ಯದಲ್ಲಿ ಗಿಡ್ಡ ಒಳಂಗಿ ತೊಟ್ಟ ಮಾಟಗಾತಿ ಅವಳು, ಹಡಗಿನ ಹೆಸರು ಬಂದದ್ದೂ ಆ ಒಳಂಗಿಯಿಂದಲೇ. ಒಳಗೆ ನೋಡಿದರೆ ಖಾಲಿ. ಮೊದಲ ಯಾನದಲ್ಲಿ 13 ಲಕ್ಷ ಪೌಂಡ್ ತೂಕದ ಚಹಾ ತುಂಬಿದ್ದ ಉಗ್ರಾಣವದು. ಚಹಾಕ್ಕೆ ಬೆಲೆ ತೆರಲು ಬ್ರಿಟಿಷರು ಹಿಂದಿನ ದಶಕಗಳಲ್ಲಿ ಭಾರತದ ಅಫೀಮನ್ನು ಚೀನಾಕ್ಕೆ ಸಾಗಿಸಿದ್ದರು. ಅದಕ್ಕೆಂದೇ ಕಟ್ಟಿದ ಕ್ಲಿಪ್ಪರ್‌ಗಳಲ್ಲಿ ಮೊದಲಿನದಾದ 'ರೆಡ್ ರೋವರ್' 1829ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿತ್ತು. ಕಟಿ ಸಾರ್ಕ್ ಅಫೀಮಿನ ಹಡಗಲ್ಲ. ಆದರೆ ಅದು ಓಡಿದ ಪಂದ್ಯದ ದಾರಿಯನ್ನು ಸವೆಸಿದ್ದು ಆ ಹಳೆಯ ವ್ಯಾಪಾರವೇ.

2007ರ ಮೇ 21ರಂದು, ದುರಸ್ತಿ ನಡೆಯುತ್ತಿದ್ದಾಗ, ಗ್ರೀನಿಚ್‌ನಲ್ಲಿ ಹಡಗಿಗೆ ಬೆಂಕಿ ಬಿತ್ತು. ಕಂಬಗಳನ್ನೂ ಬಹಳಷ್ಟು ಹಲಗೆಗಳನ್ನೂ ಮೊದಲೇ ಬಿಚ್ಚಿ ಬೇರೆಡೆ ಇಟ್ಟಿದ್ದರಿಂದ ಅವು ಉಳಿದವು. 2012ರಲ್ಲಿ ಮತ್ತೆ ಜೋಡಿಸಿ ಜನರಿಗೆ ತೆರೆದರು. ನೆಲದ ಮೇಲೆ ನಿಂತಿರುವ ಆ ದೊಡ್ಡ ಹಡಗೂ ಬಿಚ್ಚಿ, ಬದಲಿಸಿ, ಅಳೆದು ಮತ್ತೆ ಕಟ್ಟಿದ್ದೇ.

ಏಣಿಯನ್ನು ಈ ಸಲ 4 ಮಿಲಿಮೀಟರ್ ಅಂತರದಲ್ಲಿ ಕಟ್ಟಿದ್ದೇನೆ. ಬೆಂಕಿಕಡ್ಡಿಯಲ್ಲಿ ಮುಕ್ಕಾಲು ಇಂಚಿನ ಒಬ್ಬ ನಾವಿಕನನ್ನು ಕೆತ್ತಿ ಅದರ ಅರ್ಧಕ್ಕೆ ಅಂಟಿಸಿದ್ದೇನೆ. "ಒಬ್ಬನೇ ಯಾಕೆ?" ಅಂತ ಗೆಳೆಯ ಕೇಳಿದ. ಈ ಹಡಗಿನಲ್ಲಿ ಮೂವತ್ತರ ಆಸುಪಾಸು ಜನ ದುಡಿಯುತ್ತಿದ್ದರು. ಉಳಿದವರನ್ನು ಇನ್ನು ಕೆತ್ತಬೇಕು.