ಅಯನ ಚಲನೆಯೂ ನಮ್ಮ ಜಾತಕಗಳೂ



ಪ್ರತಿವರ್ಷ ಜನವರಿ 14 ಅಥವಾ 15ರಂದು ನಾವು ಮಕರ ಸಂಕ್ರಮಣವನ್ನು ಆಚರಿಸುತ್ತೇವೆ. ಮನೆಮನೆಯಲ್ಲಿ ಕುಸುರೆಳ್ಳು ಹಂಚುತ್ತೇವೆ. ಸೊನ್ನಲಿಗೆಯಲ್ಲಿ ಶಿವಯೋಗಿ ಸಿದ್ಧರಾಮೇಶ್ವರರ ಜಾತ್ರೆ ನೆರೆಯುತ್ತದೆ. ಇಂದಿನಿಂದ ಸೂರ್ಯನು ಉತ್ತರಕ್ಕೆ ತಿರುಗುತ್ತಾನೆ, ಉತ್ತರಾಯಣ ಪುಣ್ಯಕಾಲ ಆರಂಭವಾಯಿತು ಎಂದು ಹಿರಿಯರು ಹೇಳುತ್ತಾರೆ. ನಾವೂ ಕಿರಿಯರಿಗೆ ಹಾಗೆಯೇ ಹೇಳುತ್ತೇವೆ. ಆದರೆ ಈ ಮಾತನ್ನು ಅಂಗಳದಲ್ಲಿ ಒಂದು ಕೋಲು ನೆಟ್ಟು ಪರೀಕ್ಷಿಸಿ ನೋಡಿದವರು ನಮ್ಮಲ್ಲಿ ಎಷ್ಟು ಜನ? ಒಂದು ಮೀಟರ್ ಉದ್ದದ ಕೋಲನ್ನು ಧಾರವಾಡದ ಸೀಮೆಯಲ್ಲಿ ನೆಟ್ಟಗೆ ನಿಲ್ಲಿಸಿದರೆ ಡಿಸೆಂಬರ್ 21 ಅಥವಾ 22ರ ನಡುಹಗಲಿನಲ್ಲಿ ಅದರ ನೆರಳು ಸುಮಾರು 81 ಸೆಂಟಿಮೀಟರ್ ಇರುತ್ತದೆ. ವರ್ಷದಲ್ಲಿ ನಡುಹಗಲಿನ ಅತಿ ಉದ್ದದ ನೆರಳು ಅದೇ. ಸಂಕ್ರಮಣದ ದಿನ ಅಳೆದರೆ ನೆರಳು 75 ಸೆಂಟಿಮೀಟರಿಗೆ ಇಳಿದಿರುತ್ತದೆ. ಸೂರ್ಯನು ನಾವು ಕುಸುರೆಳ್ಳು ಹಂಚುವುದಕ್ಕಿಂತ ಮೂರು ವಾರಗಳಿಗೂ ಹೆಚ್ಚು ಮೊದಲೇ ಉತ್ತರಕ್ಕೆ ತಿರುಗಿಬಿಟ್ಟಿರುತ್ತಾನೆಂದಾಯಿತು.

ಈ ವ್ಯತ್ಯಾಸವು ಯಾರೋ ಒಬ್ಬ ಪಂಚಾಂಗಕಾರನ ತಪ್ಪಲ್ಲ. ಅದರ ಹಿಂದೆ ಮೂರು ಸಾವಿರ ವರ್ಷಗಳ ಇತಿಹಾಸವಿದೆ. ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿರುವ ಪ್ರತಿಯೊಬ್ಬ ಭಕ್ತನೂ ಈ ಇತಿಹಾಸವನ್ನು ಅರಿತಿರುವುದು ಒಳಿತೆಂದು ನನ್ನ ಅಭಿಪ್ರಾಯ.

ನಮ್ಮ ದೇಶದ ಅತ್ಯಂತ ಪ್ರಾಚೀನ ಖಗೋಳಗ್ರಂಥವಾದ ವೇದಾಂಗ ಜ್ಯೋತಿಷದಲ್ಲಿ ಧನಿಷ್ಠಾ ನಕ್ಷತ್ರದ ಆರಂಭದಲ್ಲಿ ಉತ್ತರಾಯಣವೂ ಆಶ್ಲೇಷೆಯ ಮಧ್ಯದಲ್ಲಿ ದಕ್ಷಿಣಾಯನವೂ ಆಗುವುದೆಂದು ಹೇಳಿದೆ. ಆಕಾಶವು ಹಾಗೆ ಇದ್ದದ್ದು ಕ್ರಿಸ್ತಪೂರ್ವ 1400ರಿಂದ 1200ರ ಸುಮಾರಿನಲ್ಲಿ ಎಂದು ಲೆಕ್ಕ ಹಾಕಲಾಗಿದೆ. ಆ ಗ್ರಂಥದಲ್ಲಿ ನಕ್ಷತ್ರಗಳಿವೆ, ತಿಥಿಗಳಿವೆ. ಮೇಷ, ವೃಷಭ ಮೊದಲಾದ ರಾಶಿಗಳಾಗಲಿ ಜಾತಕಫಲವಾಗಲಿ ಇಲ್ಲ. ಯಜ್ಞಕಾಲವನ್ನು ನಿರ್ಣಯಿಸಲು ಅದು ಹುಟ್ಟಿತೇ ಹೊರತು ಮನುಷ್ಯನ ಹಣೆಬರಹವನ್ನು ಓದಲು ಹುಟ್ಟಲಿಲ್ಲ.

ಕ್ರಾಂತಿವೃತ್ತವನ್ನು ಹನ್ನೆರಡು ಸಮಭಾಗಗಳಾಗಿ ಒಡೆದವರು ಕ್ರಿಸ್ತಪೂರ್ವ ಐದನೆಯ ಶತಮಾನದ ಸುಮಾರಿನ ಬ್ಯಾಬಿಲೋನಿನ ಜನ. ಅವರಿಂದ ಗ್ರೀಕರಿಗೆ, ಗ್ರೀಕರಿಂದ ನಮಗೆ ಆ ವಿದ್ಯೆ ಬಂದಿತು. ಇದನ್ನು ನಮ್ಮ ಪೂರ್ವಿಕರು ಮರೆಮಾಚಲಿಲ್ಲ. ಯವನಜಾತಕವೆಂಬ ಗ್ರಂಥದ ಹೆಸರೇ ಅದನ್ನು ಸಾರುತ್ತದೆ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹಜ್ಜಾತಕದಲ್ಲಿ ರಾಶಿಗಳಿಗೆ ಕ್ರಿಯ, ತಾವುರಿ, ಜಿತುಮ, ಲೇಯ ಎಂಬ ಗ್ರೀಕ್ ಮೂಲದ ಹೆಸರುಗಳನ್ನೇ ಕೊಟ್ಟಿದ್ದಾನೆ. ಹೋರಾ, ಕೇಂದ್ರ ಎಂಬ ಪಾರಿಭಾಷಿಕ ಶಬ್ದಗಳೂ ಗ್ರೀಕಿನಿಂದಲೇ ಬಂದವು. ಹೊರಗಿನಿಂದ ಬಂದಿತೆಂಬ ಕಾರಣಕ್ಕೆ ಯಾವ ವಿದ್ಯೆಯೂ ಕೀಳಲ್ಲ. ಆದರೆ ಜಾತಕವನ್ನು ಪ್ರಶ್ನಿಸಿದರೆ ವೇದವನ್ನೇ ಪ್ರಶ್ನಿಸಿದಂತೆ ಎನ್ನುವವರು ಈ ಸಂಗತಿಯನ್ನು ನೆನಪಿಡಬೇಕು.

ವರಾಹಮಿಹಿರನ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಅವನ ಪಂಚಸಿದ್ಧಾಂತಿಕೆಯ ಗಣಿತ ಆರಂಭವಾಗುವುದು ಕ್ರಿ. ಶ. 505ರಿಂದ. ತನ್ನ ಕಾಲದಲ್ಲಿ ಸೂರ್ಯನು ತಿರುಗುವುದು ಆಶ್ಲೇಷೆ-ಧನಿಷ್ಠೆಗಳಲ್ಲಿ ಅಲ್ಲವೆಂಬುದನ್ನು ಅವನು ಕಣ್ಣಾರೆ ಕಂಡಿದ್ದನು. ಹಿಂದಿನ ಶಾಸ್ತ್ರಗಳು ಹೇಳಿದ್ದು ಒಂದು ಕಾಲಕ್ಕೆ ಸತ್ಯವಾಗಿದ್ದಿರಬೇಕು, ಈಗಲಾದರೋ ಕರ್ಕಾಟಕ ಮತ್ತು ಮಕರಗಳ ಆದಿಯಲ್ಲಿ ಅಯನಗಳಾಗುತ್ತಿವೆ, ಸಂದೇಹವಿದ್ದರೆ ನೆರಳನ್ನು ನೋಡಿ ಪ್ರತ್ಯಕ್ಷವಾಗಿ ಪರೀಕ್ಷಿಸಬೇಕು ಎಂಬರ್ಥದ ಮಾತುಗಳನ್ನು ಬೃಹತ್ಸಂಹಿತೆಯಲ್ಲಿ ಬರೆದನು. ಶಾಸ್ತ್ರಕ್ಕಿಂತ ಕೋಲಿನ ನೆರಳಿಗೆ ಹೆಚ್ಚು ಬೆಲೆ ಕೊಟ್ಟ ಆ ಮಾತು ಇಂದಿನ ಯಾವ ವಿಜ್ಞಾನಿಯೂ ಒಪ್ಪತಕ್ಕದ್ದು. ಆದರೆ ಅದೇ ಸ್ಥಳದಲ್ಲಿ ಅವನೊಳಗಿನ ಫಲಜ್ಯೋತಿಷಿಯೂ ಬಾಯಿ ತೆರೆಯುತ್ತಾನೆ: ಸೂರ್ಯನು ಮಕರವನ್ನು ಮುಟ್ಟುವ ಮೊದಲೇ ಹಿಂದಿರುಗಿದರೆ ದಕ್ಷಿಣ ಮತ್ತು ಪಶ್ಚಿಮ ದಿಕ್ಕುಗಳಿಗೆ ವಿನಾಶವಂತೆ! ವಾಚಕರೇ, ಪಂಚಾಂಗದ ಮಕರವನ್ನು ಮುಟ್ಟುವುದಕ್ಕಿಂತ ಮೊದಲೇ ಸೂರ್ಯನು ತಿರುಗುತ್ತ ಬಂದು ಸಾವಿರಕ್ಕೂ ಮಿಕ್ಕಿದ ವರ್ಷಗಳಾದವು. ದಕ್ಷಿಣ-ಪಶ್ಚಿಮದಲ್ಲಿರುವ ನಾವು ಇನ್ನೂ ಜೋಳ ಬಿತ್ತಿ ಬೆಳೆದು ಉಣ್ಣುತ್ತಿದ್ದೇವೆ.

ಸೂರ್ಯನು ತಿರುಗುವ ಬಿಂದುವು ಏಕೆ ಸರಿಯುತ್ತದೆ? ಭೂಮಿಯು ಬುಗುರಿಯಂತೆ ತಿರುಗುತ್ತದೆ. ವೇಗ ತಗ್ಗಿದ ಬುಗುರಿ ತಲೆ ತೂಗುವಂತೆ ಭೂಮಿಯ ಅಕ್ಷವೂ ಅತ್ಯಂತ ನಿಧಾನವಾಗಿ ತೂಗುತ್ತದೆ. ಒಂದು ಸುತ್ತಿಗೆ ಸುಮಾರು 25,800 ವರ್ಷಗಳು ಬೇಕು. ಇದರಿಂದಾಗಿ ವಿಷುವ ಮತ್ತು ಅಯನಬಿಂದುಗಳು ನಕ್ಷತ್ರಗಳ ನಡುವೆ ಸುಮಾರು 72 ವರ್ಷಗಳಿಗೆ ಒಂದು ಅಂಶದಂತೆ ಹಿಂದೆ ಸರಿಯುತ್ತವೆ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಗ್ರೀಕ್ ಪಂಡಿತ ಹಿಪಾರ್ಕಸನು, ತನಗಿಂತ ಸುಮಾರು 150 ವರ್ಷ ಹಿಂದಿನ ಟಿಮೊಕಾರಿಸನು ಬರೆದಿಟ್ಟ ಚಿತ್ರಾ ನಕ್ಷತ್ರದ ಸ್ಥಾನವನ್ನು ತನ್ನ ಅಳತೆಯೊಡನೆ ಹೋಲಿಸಿ, ಎರಡು ಅಂಶಗಳ ಅಂತರವನ್ನು ಕಂಡು ಈ ಚಲನೆಯನ್ನು ಗುರುತಿಸಿದನು. ಕಾರಣವನ್ನು ವಿವರಿಸಲು 1687ರಲ್ಲಿ ನ್ಯೂಟನ್ ಬರಬೇಕಾಯಿತು.

ನಮ್ಮಲ್ಲಿ ಇದನ್ನು ಅಯನ ಚಲನೆ ಎಂದರು. ಆದರೆ ಸೂರ್ಯಸಿದ್ಧಾಂತವು ಅಯನಬಿಂದು ಉಯ್ಯಾಲೆಯಂತೆ 27 ಅಂಶ ಆಚೆ, 27 ಅಂಶ ಈಚೆ ತೂಗಿ ಮರಳುತ್ತದೆಂದು ತಿಳಿಯಿತು. ಮುಂಜಾಲನಂಥ ಗಣಿತಜ್ಞರು ಅದು ಒಂದೇ ದಿಕ್ಕಿನಲ್ಲಿ ಸುತ್ತುತ್ತದೆಂದು ಕಂಡುಕೊಂಡರು. ಭಾಸ್ಕರಾಚಾರ್ಯನು ತನ್ನ ಸಿದ್ಧಾಂತ ಶಿರೋಮಣಿಯಲ್ಲಿ ಇದನ್ನು ಚರ್ಚಿಸಿದ್ದಾನೆ. ಆ ಗ್ರಂಥದ ಕಾಲ 1150. ಶರಣರ ಶತಮಾನವೇ ಅದು! ಭಾಸ್ಕರನ ಊರು ನಮ್ಮ ವಿಜಾಪುರವೋ ಸಹ್ಯಾದ್ರಿಯ ಆಚೆಯ ಊರೋ ಎಂಬ ವಿವಾದ ಇನ್ನೂ ಮುಗಿದಿಲ್ಲ. ಅವನ ಮೊಮ್ಮಗ ಚಂಗದೇವನು ಖಾನದೇಶದ ಪಾಟಣದಲ್ಲಿ ಅಜ್ಜನ ಗ್ರಂಥಗಳ ಅಧ್ಯಯನಕ್ಕೆಂದೇ ಒಂದು ಮಠವನ್ನು ಸ್ಥಾಪಿಸಿದನೆಂದು 1207ರ ಶಾಸನವು ಹೇಳುತ್ತದೆ. ಮಠದಲ್ಲಿ ಉಂಡು ಓದಿದ ನಮ್ಮಂಥವರಿಗೆ ಇದು ಸಂತೋಷದ ಸಂಗತಿ.

ಆ ಶತಮಾನದ ನಮ್ಮ ಶಾಸನಗಳಲ್ಲಿ ಉತ್ತರಾಯಣ ಸಂಕ್ರಮಣದಂದು ಭೂಮಿದಾನ ಮಾಡಿದ ಉಲ್ಲೇಖಗಳು ಹೇರಳ. ಅಷ್ಟರಲ್ಲಿಯೇ ನಿಜವಾದ ಅಯನಕ್ಕೂ ಪಂಚಾಂಗದ ಸಂಕ್ರಮಣಕ್ಕೂ ಸುಮಾರು ಹತ್ತು ದಿನಗಳ ಅಂತರ ಬಿದ್ದಿತ್ತು. ಅಂತರ ಬೆಳೆಯುತ್ತಲೇ ಇದೆ. ಸ್ವಾಮಿ ವಿವೇಕಾನಂದರು ಜನಿಸಿದ 1863ರ ಜನವರಿ 12 ಮಕರ ಸಂಕ್ರಮಣದ ದಿನವಾಗಿತ್ತು. ಇಂದು ಅದು 14-15ಕ್ಕೆ ಬಂದಿದೆ. ಹೀಗೆಯೇ ಬಿಟ್ಟರೆ ಇನ್ನು ಹನ್ನೊಂದು ಸಾವಿರ ವರ್ಷಗಳಲ್ಲಿ ಮುಂಗಾರು ಮಳೆಯಲ್ಲಿ ನೆನೆಯುತ್ತ ಕುಸುರೆಳ್ಳು ಹಂಚಬೇಕಾದೀತು.

ರೈತಬಾಂಧವರು ಇಲ್ಲಿ ಒಂದು ವಿಷಯ ಗಮನಿಸಬೇಕು. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಗಳನ್ನು ಎಣಿಸುವುದು ಸೂರ್ಯನು ಆಯಾ ನಕ್ಷತ್ರವನ್ನು ಪ್ರವೇಶಿಸುವ ದಿನದಿಂದ. ಮೃಗಶಿರಾ ಈಗ ಜೂನ್ 7 ಅಥವಾ 8ಕ್ಕೆ ಕೂಡುತ್ತದೆ. ಋತುವಿನ ಲೆಕ್ಕದಲ್ಲಿ ಬಸವಣ್ಣನವರ ಕಾಲಕ್ಕೆ ಅದೇ ಮೃಗಶಿರಾ ಸುಮಾರು ಹನ್ನೆರಡು ದಿನ ಮುಂಚೆ, ಮೇ ಕೊನೆಯ ವಾರದಲ್ಲಿಯೇ ಕೂಡುತ್ತಿತ್ತು. ಮಳೆ ತರುವುದು ನೆತ್ತಿಯ ಮೇಲೆ ಬರುವ ಸೂರ್ಯನ ಕಾವು. ಅವನ ಹಿಂದೆ ಯಾವ ನಕ್ಷತ್ರವಿದೆಯೆಂಬುದನ್ನು ಮೋಡಗಳು ಕೇಳುವುದಿಲ್ಲ.

ಕೇಂದ್ರ ಸರ್ಕಾರವು 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. 1955ರ ವರದಿಯಲ್ಲಿ ಅವರು ದೋಷವನ್ನು ಸ್ಪಷ್ಟವಾಗಿ ತೋರಿಸಿದರು. ಸೂರ್ಯಸಿದ್ಧಾಂತದ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು 24 ನಿಮಿಷ ದೊಡ್ಡದು. 1400 ವರ್ಷಗಳಲ್ಲಿ ಆ ನಿಮಿಷಗಳೇ ಕೂಡಿ 23 ದಿನಗಳಾಗಿವೆ. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಸರ್ಕಾರಿ ಕಾಗದಪತ್ರಗಳ ತಲೆಬರಹದಲ್ಲಿ ಅದು ಕುಳಿತಿತು; ನಮ್ಮ ಹಬ್ಬಗಳು ತಮ್ಮ ಹಳೆಯ ಹಾದಿಯಲ್ಲಿಯೇ ನಡೆದವು.

ಇನ್ನು ಜ್ಯೋತಿಷಿಗಳ ಸಮಾಧಾನವನ್ನೂ ಕೇಳೋಣ. ಆಕಾಶ ಸರಿದದ್ದನ್ನು ಅರಿಯದವರು ಅವರು ಎಂದು ಮೂದಲಿಸುವುದು ನ್ಯಾಯವಲ್ಲ. ಪಾಶ್ಚಾತ್ಯರು ಟಾಲೆಮಿಯನ್ನು ಅನುಸರಿಸಿ ವಸಂತ ವಿಷುವದಿಂದಲೇ ಮೇಷವನ್ನು ಎಣಿಸುತ್ತಾರೆ, ಅದು ಸಾಯನ. ನಮ್ಮವರು ಸರಿದಷ್ಟನ್ನು 'ಅಯನಾಂಶ' ಎಂದು ಕಳೆದು ನಕ್ಷತ್ರಗಳಿಗೆ ಹೊಂದಿಸುತ್ತಾರೆ, ಅದು ನಿರಯಣ. ಎರಡಕ್ಕೂ ಇಂದು 24 ಅಂಶಗಳ ಅಂತರ. ಹಿಂದಿನ ಕಾಲದ ಹೆಡ್‌ಮಾಸ್ತರರು ನಮ್ಮಲ್ಲಿ ಅನೇಕರಿಗೆ ಜೂನ್ 1ನ್ನೇ ಜನ್ಮದಿನವೆಂದು ಬರೆದುಕೊಟ್ಟಿದ್ದಾರಷ್ಟೆ. ಆ ದಿನ ಹುಟ್ಟಿದವನ ಸೂರ್ಯನು ಲಂಡನ್ನಿನ ಪತ್ರಿಕೆಯಲ್ಲಿ ಮಿಥುನದಲ್ಲಿರುತ್ತಾನೆ, ನಮ್ಮ ಪಂಚಾಂಗದಲ್ಲಿ ವೃಷಭದಲ್ಲಿರುತ್ತಾನೆ. ಐದು ಜನರಲ್ಲಿ ನಾಲ್ವರಿಗೆ ಹೀಗೆ ಎರಡು ಸೂರ್ಯರಾಶಿಗಳು. ಎರಡು ಪಂಥದವರೂ ತಮ್ಮ ಫಲ ತಪ್ಪದೆ ನಿಜವಾಗುತ್ತದೆಂದು ಹೇಳುತ್ತಾರೆ. 1962ರ ಫೆಬ್ರುವರಿ 3ರಿಂದ 5ರ ವರೆಗೆ ಅಷ್ಟಗ್ರಹ ಕೂಟವಾದದ್ದು ಹಿರಿಯ ವಾಚಕರಿಗೆ ನೆನಪಿದ್ದೀತು. ಪ್ರಳಯವಾಗುವುದೆಂದು ದೇಶಾದ್ಯಂತ ಹೋಮ-ಹವನಗಳಾದವು. ನಮ್ಮವರಿಗೆ ಆ ಗ್ರಹಗಳು ಕೂಡಿದ್ದು ಮಕರದಲ್ಲಿ, ಪಾಶ್ಚಾತ್ಯರಿಗೆ ಕುಂಭದಲ್ಲಿ. ಎರಡು ಕಡೆಯೂ 6ನೆಯ ತಾರೀಖು ಎಂದಿನಂತೆ ಬೆಳಗಾಯಿತು.

ನಿರಯಣದವರೊಳಗಾದರೂ ಒಮ್ಮತವಿದೆಯೇ? ಎಲ್ಲಿಂದ ಎಣಿಕೆ ಆರಂಭಿಸಬೇಕೆಂಬುದಕ್ಕೆ ಆಕಾಶದಲ್ಲಿ ಗಡಿಗಲ್ಲೇನೂ ಇಲ್ಲ. ಚಿತ್ರಾ ನಕ್ಷತ್ರವನ್ನು 180ನೆಯ ಅಂಶದಲ್ಲಿಟ್ಟು ಗಣಿಸುವ ಲಾಹಿರಿ ಪದ್ಧತಿಯಲ್ಲಿ ಅಯನಾಂಶವು ಕ್ರಿ. ಶ. 285ರ ಸುಮಾರಿನಲ್ಲಿ ಶೂನ್ಯವಾಗಿತ್ತು. ಬೆಂಗಳೂರಿನ ಪ್ರಸಿದ್ಧ ಜ್ಯೋತಿಷಿ ಬಿ. ವಿ. ರಾಮನ್ ಅವರ ಪದ್ಧತಿಯಲ್ಲಿ ಅದು 397. ಎರಡಕ್ಕೂ ಸುಮಾರು ಒಂದೂವರೆ ಅಂಶದ ಭೇದ. ಚಂದ್ರನು ದಿನಕ್ಕೆ ಸುಮಾರು 13 ಅಂಶ ನಡೆಯುವುದರಿಂದ ಈ ಭೇದವೆಂದರೆ ಎರಡೂವರೆ ಗಂಟೆಗಿಂತ ಹೆಚ್ಚಿನ ಹೊತ್ತು. ಲೆಕ್ಕ ಹಾಕಿ ನೋಡಿರಿ: ಒಂದು ನಕ್ಷತ್ರಕ್ಕೆ 13 ಅಂಶ 20 ಕಲೆ. ಹಾಗಾದರೆ ಒಂಬತ್ತು ಮಕ್ಕಳಲ್ಲಿ ಸುಮಾರು ಒಂದು ಮಗುವಿಗೆ ಒಬ್ಬ ಜ್ಯೋತಿಷಿ ಹೇಳುವ ಜನ್ಮನಕ್ಷತ್ರವೇ ಬೇರೆ, ಇನ್ನೊಬ್ಬ ಹೇಳುವುದೇ ಬೇರೆ.

ಇದು ಪಂಡಿತರ ವಾಗ್ವಾದವಾಗಿ ಉಳಿದಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಮೂಲೆಯ ಹೆಣ್ಣು ಮಾವನಿಗಾಗದು, ಆಶ್ಲೇಷೆಯವಳು ಅತ್ತೆಗಾಗದು, ಜ್ಯೇಷ್ಠೆಯವಳು ಭಾವನಿಗೆ, ವಿಶಾಖೆಯವಳು ಮೈದುನನಿಗೆ ಎಂದು ಹೇಳಿ ಕೂಡಿ ಬಂದ ಸಂಬಂಧಗಳನ್ನು ಮುರಿಯುವುದು ನಮ್ಮ ಮನೆಗಳಲ್ಲಿಯೂ, ಕೊರಳಲ್ಲಿ ಇಷ್ಟಲಿಂಗ ಧರಿಸಿದವರ ಮನೆಗಳಲ್ಲಿಯೂ, ನಡೆಯುತ್ತಿದೆ. ಒಬ್ಬರ ಗಣಿತದಲ್ಲಿ ಮೂಲೆಯ ಕೊನೆಯ ಪಾದದ ಅಂಚಿನಲ್ಲಿ ಹುಟ್ಟಿದ ಮಗಳು ಇನ್ನೊಬ್ಬರ ಗಣಿತದಲ್ಲಿ ಪೂರ್ವಾಷಾಢೆಯವಳು. ಹೆಣ್ಣು ಅವಳೇ, ಹುಟ್ಟಿದ ಗಳಿಗೆಯೂ ಅದೇ. ಯಾವ ಮಾವನ ಆಯುಷ್ಯ ಯಾವ ಪದ್ಧತಿಯನ್ನು ಅನುಸರಿಸುತ್ತದೆ?

ಪರೀಕ್ಷೆಯೂ ನಡೆದಿದೆ. 2008ರಲ್ಲಿ ಪುಣೆಯಲ್ಲಿ ಖಗೋಳ ವಿಜ್ಞಾನಿ ಜಯಂತ ನಾರಳೀಕರ ಅವರು ಬುದ್ಧಿವಂತ ವಿದ್ಯಾರ್ಥಿಗಳ ಮತ್ತು ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಬೆರೆಸಿ, ಒಬ್ಬೊಬ್ಬ ಜ್ಯೋತಿಷಿಗೆ 40ರಂತೆ ಕೊಟ್ಟು, ಯಾವುದು ಯಾರದೆಂದು ಹೇಳಲು ಕೇಳಿದರು. ಉತ್ತರಿಸಿದ 27 ಜನರಲ್ಲಿ ಅತಿ ಹೆಚ್ಚು ಸರಿ ಹೇಳಿದವರಿಗೆ ಬಂದದ್ದು 24. ಸರಾಸರಿಯು 20ನ್ನೂ ಮುಟ್ಟಲಿಲ್ಲ. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟು ಬರುತ್ತಿತ್ತು.

ಬಸವಣ್ಣನವರ ಒಂದು ವಚನವು ಇದೇ ವಿಷಯವನ್ನು ಕುರಿತದ್ದು. ನಮ್ಮವರು ಬಂದು ಕೇಳಿದರೆ ಲಗ್ನ ಶುಭವೆಂದೇ ಹೇಳಿಬಿಡಿ, ರಾಶಿಕೂಟ ಕೂಡಿದೆಯೆಂದೂ ಚಂದ್ರಬಲ-ತಾರಾಬಲಗಳಿವೆಯೆಂದೂ ಹೇಳಿ ಎಂಬುದು ಅದರ ತಾತ್ಪರ್ಯ. ಕಲ್ಯಾಣದ ಬೀದಿಯಲ್ಲಿ ಜೋಯಿಸರ ಮನೆಗೆ ಹೋಗುತ್ತಿದ್ದ ಶಿವಭಕ್ತರೂ ಇದ್ದರೆಂಬುದು ಇದರಿಂದ ತಿಳಿಯುತ್ತದೆ. ಅವರನ್ನು ಅಣ್ಣನವರು ಗದರಿಸಲಿಲ್ಲ. ಜೋಯಿಸರಿಗೇ ವಿನಂತಿ ಮಾಡಿಕೊಂಡರು. ಕೇಳಲು ಬಂದ ತಂದೆ-ತಾಯಿಗಳ ಭಯವನ್ನು ಬಲ್ಲವರ ಮಾತದು.

ಬೇಸಿಗೆಯ ರಾತ್ರಿಗಳಲ್ಲಿ ದಕ್ಷಿಣದ ಆಕಾಶವನ್ನು ನೋಡಿರಿ. ಕೊಂಡಿ ಎತ್ತಿದ ಚೇಳಿನ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ಆ ಕೊಂಡಿಯ ತುದಿಯೇ ಮೂಲಾ. ಕಣ್ಣಿಗೆ ಕಾಣುವಂತೆ ಅದು ವೃಶ್ಚಿಕದ ಬಾಲ. ಜಾತಕದಲ್ಲಿ ಅದನ್ನು ಧನುರಾಶಿಯಲ್ಲಿ ಬರೆಯುತ್ತಾರೆ. ವೇದಾಂಗ ಜ್ಯೋತಿಷದ ಕಾಲದಲ್ಲಿ ಧನಿಷ್ಠೆಯಲ್ಲಿಯೂ ವರಾಹಮಿಹಿರನ ಕಾಲದಲ್ಲಿ ಉತ್ತರಾಷಾಢೆಯಲ್ಲಿಯೂ ಉತ್ತರಕ್ಕೆ ತಿರುಗುತ್ತಿದ್ದ ಸೂರ್ಯನು ಇಂದು ತಿರುಗುವುದು ಈ ಮೂಲೆಯಲ್ಲಿಯೇ. ಬರುವ ಡಿಸೆಂಬರ್ 21ರ ನಡುಹಗಲಿಗೆ ಮಠದ ಅಂಗಳದಲ್ಲಿ ಕೋಲು ನೆಟ್ಟು ನೆರಳನ್ನು ಅಳೆದಿಡಿರಿ. ಪಂಚಾಂಗ ತೆರೆದು ಅಂದು ಸೂರ್ಯನು ಯಾವ ನಕ್ಷತ್ರದಲ್ಲಿರುವನೆಂದೂ ನೋಡಿರಿ.