ರೀಲಿನ ಡಬ್ಬಿ ಯಾರ ಮನೆಯಲ್ಲಿತ್ತು?

ಎರಡು ವರ್ಷದ ಹಿಂದೆ ಬಿ.ಎ. ಮಕ್ಕಳಿಗೆ 'ಚೋಮನ ದುಡಿ' ಸಿನಿಮಾ ತೋರಿಸಿದ್ದೆ. ಮುಗಿದ ಮೇಲೆ ಎಲ್ಲರೂ ಸುಮ್ಮನೆ ಕೂತಿದ್ದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು, "ಮೇಡಂ, ಇದ್ನ ತೆಗ್ದೋರು ನಮ್ಮೋರಾ?" ಅಂತ ಕೇಳಿದ. 1933ರಲ್ಲಿ ಕಾದಂಬರಿ ಬರೆದವರು ಒಬ್ಬ ಕಾರಂತರು, 1975ರಲ್ಲಿ ಸಿನಿಮಾ ಮಾಡಿದವರು ಇನ್ನೊಬ್ಬ ಕಾರಂತರು. ಇಬ್ಬರೂ ದೊಡ್ಡವರು, ಇಬ್ಬರೂ ನಮ್ಮ ಕೇರಿಯವರಲ್ಲ. ಇದನ್ನೇ ಹೇಳಿದೆ. ಹುಡುಗ "ಹಂಗಾರೆ ನಮ್ಮೋರು ಯಾವ್ದೂ ತೆಗ್ದಿಲ್ವಾ?" ಅಂದ. ಮರಾಠಿ, ತಮಿಳಿನ ಒಂದೆರಡು ಹೆಸರು ಹೇಳಿ ತಪ್ಪಿಸಿಕೊಂಡೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಪ್ರಶ್ನೆಯನ್ನು ನೂರು ವರ್ಷದ ಹಿಂದೆಯೇ ಬೇರೊಂದು ದೇಶದಲ್ಲಿ ಕೇಳಿಕೊಂಡವರಿದ್ದಾರೆ. ಅವರ ಚರಿತ್ರೆಯನ್ನು ನಾನು ಓದಿಕೊಂಡದ್ದು ಈ ಹುಡುಗನಿಗೆ ಉತ್ತರ ಕೊಡಲಿಕ್ಕಾಗಿ ಅಂತಲೇ ಹೇಳಬೇಕು.

ಆಸ್ಕರ್ ಮಿಶೋ ಹುಟ್ಟಿದ್ದು 1884ರಲ್ಲಿ, ಅಮೆರಿಕದ ಇಲಿನಾಯ್ ಸೀಮೆಯಲ್ಲಿ. ರೈಲಿನಲ್ಲಿ ಪೋರ್ಟರ್ ಆಗಿ ದುಡಿದ. ಆಮೇಲೆ ದಕ್ಷಿಣ ಡಕೋಟಾದಲ್ಲಿ ಜಮೀನು ಹಿಡಿದು ಬೇಸಾಯ ಮಾಡಿದ. ತನ್ನ ಬದುಕನ್ನೇ ಕಾದಂಬರಿ ಮಾಡಿ, ಅದನ್ನು ಹೊತ್ತುಕೊಂಡು ಮನೆಮನೆಗೆ ಹೋಗಿ ಮಾರಿದ. 'ದಿ ಹೋಮ್‌ಸ್ಟೆಡರ್' ಕಾದಂಬರಿಯನ್ನು ಸಿನಿಮಾ ಮಾಡುತ್ತೇವೆ ಅಂತ ಕಪ್ಪು ಜನರದೇ ಆದ ಲಿಂಕನ್ ಕಂಪನಿ ಮುಂದೆ ಬಂತು. ನಿರ್ದೇಶನವನ್ನೂ ನಾನೇ ಮಾಡುತ್ತೇನೆ ಅಂತ ಮಿಶೋ ಪಟ್ಟು ಹಿಡಿದ. ಮಾತು ಮುರಿಯಿತು. ಆತ ತನ್ನದೇ ಕಂಪನಿ ಕಟ್ಟಿ, ಪರಿಚಯದ ರೈತರಿಗೆ, ಅದರಲ್ಲೂ ಬಿಳಿಯ ರೈತರಿಗೆ ಷೇರು ಮಾರಿ, 1919ರಲ್ಲಿ ಸಿನಿಮಾ ತೆಗೆದೇಬಿಟ್ಟ. ಮುಂದಿನ ಮೂವತ್ತು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಚಿತ್ರ ಮಾಡಿದ. ರೀಲುಗಳನ್ನು ಕಾರಿಗೆ ಹಾಕಿಕೊಂಡು ಊರೂರಿಗೆ ಹೋಗುತ್ತಿದ್ದ. ಕಪ್ಪು ಜನರ ಟಾಕೀಸಿನ ಮಾಲೀಕರಿಗೆ ಮುಂದಿನ ಚಿತ್ರದ ಕಥೆ ಹೇಳಿ ಮುಂಗಡ ಇಸಿದುಕೊಂಡು ಬರುತ್ತಿದ್ದ. ನಮ್ಮ ಕಡೆ ನಾಟಕ ಕಂಪನಿಯವರು ಬದುಕಿದ್ದೂ ಹೆಚ್ಚುಕಮ್ಮಿ ಹೀಗೇ ಅಲ್ಲವೇ?

ಆತನ 'ವಿದಿನ್ ಅವರ್ ಗೇಟ್ಸ್' 1920ರದು. ಅದಕ್ಕೆ ಐದು ವರ್ಷ ಮುಂಚೆ ಗ್ರಿಫಿತ್‌ನ 'ದಿ ಬರ್ತ್ ಆಫ್ ಎ ನೇಷನ್' ಬಂದಿತ್ತು. ಸಿನಿಮಾ ವ್ಯಾಕರಣದ ಪಾಠಗಳೆಲ್ಲ ಇಂದಿಗೂ ಅಲ್ಲಿಂದಲೇ ಶುರುವಾಗುತ್ತವೆ. ಆ ಚಿತ್ರದಲ್ಲಿ ಕಪ್ಪು ಗಂಡಸು ಮೃಗ, ಕೂ ಕ್ಲಕ್ಸ್ ಕ್ಲಾನಿನವನು ವೀರ. ಮಿಶೋನ ಚಿತ್ರದಲ್ಲಿ ಗೇಣಿ ಮಾಡುವ ಕಪ್ಪು ರೈತನೊಬ್ಬ ಧಣಿಯ ಹತ್ತಿರ ಲೆಕ್ಕ ಚುಕ್ತಾ ಮಾಡಿಸಲಿಕ್ಕೆ ಹೋಗುತ್ತಾನೆ. ಓದು ಕಲಿತ ಮಗಳು ಲೆಕ್ಕ ಬರೆದುಕೊಟ್ಟಿದ್ದಾಳೆ. ಅಲ್ಲೇ ಧಣಿಗೆ ಗುಂಡು ಬೀಳುತ್ತದೆ. ಹೊಡೆದವನು ಬಿಳಿಯ, ಆರೋಪ ಬರುವುದು ರೈತನ ಮೇಲೆ. ಗಂಡ ಹೆಂಡತಿ ಇಬ್ಬರನ್ನೂ ಗುಂಪು ನೇಣಿಗೆ ಹಾಕುತ್ತದೆ. ಇಲ್ಲಿ ಸಿಟ್ಟಿಗೆ ಮೂಲ ಕೊಲೆಯಲ್ಲ, ಲೆಕ್ಕ. ಚೋಮನನ್ನು ಹಿಡಿದಿಟ್ಟದ್ದೂ ಸಾಲದ ಲೆಕ್ಕವೇ. ಆದರೆ ಅಲ್ಲಿ ಆ ಲೆಕ್ಕವನ್ನು ತಿರುಗಿಸಿ ಬರೆಯುವ ಮಗಳಿಲ್ಲ, ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗುವ ಬೆಳ್ಳಿ ಇದ್ದಾಳೆ. ಒಳಗಿನವರು ಕಥೆ ಹೇಳಿದರೆ ಏನು ಬದಲಾಗುತ್ತದೆ ಅಂತ ಕೇಳುವವರಿಗೆ ನಾನು ಈ ಇಬ್ಬರು ಹೆಣ್ಣುಮಕ್ಕಳನ್ನು ತೋರಿಸುತ್ತೇನೆ.

1919ರ ಬೇಸಿಗೆಯಲ್ಲಿ ಷಿಕಾಗೋದಲ್ಲಿ ಜನಾಂಗ ಗಲಭೆಯಾಗಿ 38 ಜನ ಸತ್ತಿದ್ದರು. ಈ ಚಿತ್ರ ತೋರಿಸಿದರೆ ಮತ್ತೆ ಗಲಭೆಯಾದೀತು ಅಂತ ಅಲ್ಲಿನ ಸೆನ್ಸಾರಿನವರು ತಕರಾರು ಮಾಡಿದರು. ಹೊಡೆಸಿಕೊಂಡವನು ಬಾಯಿಬಿಟ್ಟರೆ ಶಾಂತಿ ಕೆಡುತ್ತದೆ ಎನ್ನುವ ಮಾತು ನಮಗೆ ಹೊಸದಲ್ಲ. ಕತ್ತರಿಸಿ ಕತ್ತರಿಸಿ ತೋರಿಸಿದ ಚಿತ್ರ ಕೊನೆಗೆ ಕಣ್ಮರೆಯೇ ಆಗಿಹೋಯಿತು. 1970ರ ದಶಕದಲ್ಲಿ ಒಂದೇ ಒಂದು ಪ್ರತಿ ಸಿಕ್ಕಿದ್ದು ಸ್ಪೇನ್ ದೇಶದ ಸಂಗ್ರಹಾಲಯದಲ್ಲಿ, 'ಲಾ ನೆಗ್ರಾ' ಎಂಬ ಹೆಸರಿನಲ್ಲಿ. ಮೂಕಿ ಚಿತ್ರದ ನಡುವೆ ಬರುವ ಬರಹದ ಫಲಕಗಳು ಬಹುತೇಕ ಸ್ಪ್ಯಾನಿಷ್‌ನಲ್ಲಿದ್ದವು. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ 1993ರಲ್ಲಿ ಅದನ್ನು ಸರಿಪಡಿಸುವಾಗ ಆ ಮಾತುಗಳನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕಾಯಿತು. ನನಗೆ ಇದನ್ನು ಓದಿ ಒಂದು ದಿನ ಬೇರೆ ಕೆಲಸ ಮಾಡಲಾಗಲಿಲ್ಲ. ನಮ್ಮ ಹಿರೀಕರು ಆಡಿದ ಮಾತೂ ನಮಗೆ ಸಿಗುವುದು ದೊರೆಗಳ ಗೆಜೆಟಿಯರಿನಲ್ಲಿ, ಪಾದ್ರಿಗಳ ವರದಿಯಲ್ಲಿ, ಪೋಲೀಸು ದಾಖಲೆಯಲ್ಲಿ. ಅಲ್ಲಿಂದ ಅದನ್ನು ನಮ್ಮ ಭಾಷೆಗೆ ತಿರುಗಿಸಿಕೊಳ್ಳುವ ಕೆಲಸವನ್ನೇ ನಾವು ಸಂಶೋಧನೆ ಅಂತ ಕರೆಯುತ್ತಿದ್ದೇವೆ.

ಮಿಶೋನನ್ನು ದೇವರು ಮಾಡಿ ಕೂರಿಸುವುದು ನನಗೆ ಬೇಕಿಲ್ಲ. ಆತನ ನಾಯಕ ನಾಯಕಿಯರು ಬಹುಪಾಲು ತಿಳಿಬಣ್ಣದವರು. ಬಣ್ಣ ಗಾಢವಾದಷ್ಟೂ ಪಾತ್ರ ಕೆಳಗಿಳಿಯುತ್ತದೆ ಅಂತ ಆತನ ಜನರೇ ದೂರಿದ್ದಾರೆ. ದಲಿತರೊಳಗಿನ ಎಡಗೈ ಬಲಗೈ ಮಾತು ಎತ್ತಿದರೆ "ಈಗ ಅದು ಬೇಡ, ಒಗ್ಗಟ್ಟು ಮುಖ್ಯ" ಅನ್ನುವ ಅಣ್ಣಂದಿರು ಈ ಟೀಕೆಯನ್ನು ಗಮನಿಸಬೇಕು. ಅಲ್ಲಿ ಆ ಮಾತಾಡಿದ್ದರಿಂದ ಚಳವಳಿ ಸತ್ತುಹೋಗಲಿಲ್ಲ.

ಇನ್ನು ಲಾಸ್ ಏಂಜಲೀಸಿಗೆ ಬರೋಣ. 1965ರ ಆಗಸ್ಟಿನಲ್ಲಿ ಅಲ್ಲಿನ ವಾಟ್ಸ್ ಎಂಬ ಕಪ್ಪು ಜನರ ಮೊಹಲ್ಲಾ ಆರು ದಿನ ಹೊತ್ತಿ ಉರಿಯಿತು, 34 ಜನ ಸತ್ತರು. 1969ರ ಜನವರಿಯಲ್ಲಿ ಯು.ಸಿ.ಎಲ್.ಎ. ವಿಶ್ವವಿದ್ಯಾಲಯದ ಆವರಣದಲ್ಲೇ ಇಬ್ಬರು ಬ್ಲ್ಯಾಕ್ ಪ್ಯಾಂಥರ್ ಹುಡುಗರು ಗುಂಡಿಗೆ ಬಲಿಯಾದರು. ಆ ಹೊತ್ತಿನ ವಿದ್ಯಾರ್ಥಿ ಹೋರಾಟದ ಒತ್ತಾಯದಿಂದ ಕಪ್ಪು, ಮೆಕ್ಸಿಕನ್, ಏಷ್ಯನ್, ಮೂಲನಿವಾಸಿ ಮಕ್ಕಳಿಗಾಗಿ ಸಿನಿಮಾ ವಿಭಾಗದಲ್ಲಿ ಒಂದು ಪ್ರತ್ಯೇಕ ತರಬೇತಿ ಶುರುವಾಯಿತು. ಮೀಸಲಾತಿಯಿಂದ ಪ್ರತಿಭೆ ಸಾಯುತ್ತದೆ ಅಂತ ಹೇಳುವವರು ಈ ತರಬೇತಿಯಲ್ಲಿ, ಅದರ ಆಸುಪಾಸಿನಲ್ಲಿ ಬೆಳೆದವರ ಪಟ್ಟಿಯನ್ನೊಮ್ಮೆ ನೋಡಲಿ. ರಾಬರ್ಟ್ ನಕಮುರಾ ಅನ್ನುವವನನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದವನೆಂಬ ಒಂದೇ ಕಾರಣಕ್ಕೆ, ಎಳೆಯ ಹುಡುಗನಾಗಿದ್ದಾಗಲೇ, ಮಂಜನಾರ್ ಎಂಬ ಶಿಬಿರದಲ್ಲಿ ಕೂಡಿಹಾಕಿದ್ದರು. ಆತ ದೊಡ್ಡವನಾಗಿ ಅದೇ ಶಿಬಿರದ ಬಗ್ಗೆ ಚಿತ್ರ ಮಾಡಿದ. ಗೆಳೆಯರ ಜೊತೆ ಸೇರಿ 1970ರಲ್ಲಿ 'ವಿಷುಯಲ್ ಕಮ್ಯುನಿಕೇಷನ್ಸ್' ಎಂಬ ಸಂಸ್ಥೆ ಕಟ್ಟಿದ. ವಲಸೆ ಬಂದವರ ಸಿನಿಮಾದ್ದೇ ಒಂದು ದೊಡ್ಡ ಕಥೆ, ಅದನ್ನು ಇನ್ನೊಮ್ಮೆ ಬರೆದೇನು.

ಈ ವಿಶ್ವವಿದ್ಯಾಲಯದಲ್ಲಿ ಓದಿದ ಕಪ್ಪು ಹುಡುಗ ಹುಡುಗಿಯರನ್ನು ಕ್ಲೈಡ್ ಟೇಲರ್ ಎಂಬ ವಿಮರ್ಶಕ 1986ರಲ್ಲಿ 'ಎಲ್.ಎ. ರೆಬೆಲಿಯನ್' ಅಂತ ಕರೆದ. ನಮ್ಮ ಮಾತಿನಲ್ಲಿ 'ಲಾಸ್ ಏಂಜಲೀಸ್ ಬಂಡಾಯ' ಅನ್ನಬಹುದು. ಹಾಲಿವುಡ್ಡು ಅವರ ಕಾಲೇಜಿನ ಮಗ್ಗುಲಲ್ಲೇ ಇತ್ತು. ಅವರು ನೋಡಿದ್ದು ಮಾತ್ರ ಸೆನೆಗಲ್‌ನ ಉಸ್ಮಾನ್ ಸೆಂಬೇನ್, ಬ್ರೆಜಿಲ್‌ನ ಗ್ಲೌಬರ್ ರೋಷಾ ಇಂಥವರ ಕಡೆಗೆ.

ಚಾರ್ಲ್ಸ್ ಬರ್ನೆಟ್ ಮಿಸಿಸಿಪ್ಪಿಯಲ್ಲಿ ಹುಟ್ಟಿ ವಾಟ್ಸ್‌ನಲ್ಲಿ ಬೆಳೆದವನು. ಆತನ 'ಕಿಲ್ಲರ್ ಆಫ್ ಶೀಪ್' 1977ರಲ್ಲಿ ಪದವಿಗೆ ಒಪ್ಪಿಸಿದ ಚಿತ್ರ. ಹತ್ತು ಸಾವಿರ ಡಾಲರಿಗೂ ಕಡಿಮೆ ಖರ್ಚು. ಕಪ್ಪು ಬಿಳುಪು, 16 ಎಂ.ಎಂ. ಬರವಣಿಗೆ, ಕ್ಯಾಮರಾ, ಸಂಕಲನ, ನಿರ್ದೇಶನ ಎಲ್ಲ ಆತನದೇ. ವಾರದ ರಜೆಯಲ್ಲಿ ಚಿತ್ರೀಕರಣ, ಕೇರಿಯ ಜನರೇ ನಟರು, ಕೇರಿಯ ಮಕ್ಕಳೇ ಸಹಾಯಕರು. ಕಸಾಯಿಖಾನೆಯಲ್ಲಿ ಕುರಿ ಕಡಿಯುವ ಸ್ಟ್ಯಾನ್ ಎಂಬವನ ಕಥೆ ಅದು. ಕಥೆ ಅಂತ ಹೇಳಿದೆ, ಅಲ್ಲಿ ಕಥೆಯೇನೂ ಇಲ್ಲ. ಸ್ಟ್ಯಾನ್‌ಗೆ ನಿದ್ದೆ ಬರುವುದಿಲ್ಲ. ಹೆಂಡತಿ ಹತ್ತಿರ ಬಂದರೆ ಮೈ ಸ್ಪಂದಿಸುವುದಿಲ್ಲ. ಕೂಡಿಟ್ಟ ದುಡ್ಡಿನಲ್ಲಿ ಗೆಳೆಯನ ಜೊತೆ ಹಳೇ ಕಾರಿನ ಇಂಜಿನ್ನು ಕೊಂಡು, ಏದುಸಿರು ಬಿಡುತ್ತ ಮೆಟ್ಟಿಲಿಳಿಸಿ ಗಾಡಿಯ ಹಿಂದೆ ಇಡುತ್ತಾರೆ. ಗಾಡಿ ಮುಂದೆ ಹೋದದ್ದೇ ತಡ, ಇಂಜಿನ್ನು ಬೀದಿಗೆ ಬಿದ್ದು ಒಡೆಯುತ್ತದೆ. ಇಬ್ಬರೂ ಒಂದು ಗಳಿಗೆ ನೋಡಿ ಅದನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ನಮ್ಮಪ್ಪ ಚೀಟಿ ಎತ್ತಿ ತಂದ ಹಳೇ ಪಂಪ್‌ಸೆಟ್ಟಿನ ಗತಿ ನನಗೆ ನೆನಪಾಯಿತು.

ಸ್ಟ್ಯಾನ್ ತಾನು ಬಡವ ಅಂತ ಒಪ್ಪುವುದಿಲ್ಲ. ಬೇಡದ ಸಾಮಾನನ್ನು ಧರ್ಮಸಂಸ್ಥೆಗೆ ಕೊಡುವವನು ಬಡವನಾಗಲು ಹೇಗೆ ಸಾಧ್ಯ ಎನ್ನುವುದು ಆತನ ವಾದ. ಇಲ್ಲಿ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಆ ಕಾಲದ ಎಡಪಂಥೀಯ ಚಿತ್ರಗಳ ಬಗ್ಗೆ ಬರ್ನೆಟ್‌ಗೆ ಒಂದು ತಕರಾರಿತ್ತು: ಕಾರ್ಮಿಕನಿಗೆ ಅನ್ಯಾಯ ಆಗುತ್ತದೆ, ಆತ ಸಂಘ ಕಟ್ಟುತ್ತಾನೆ, ಎಲ್ಲ ಸರಿಹೋಗುತ್ತದೆ; ನನ್ನ ಕೇರಿಯಲ್ಲಿ ಹಾಗೆ ಯಾವುದೂ ಸರಿಹೋಗಿದ್ದನ್ನು ನಾನು ನೋಡಿಲ್ಲ ಎನ್ನುವುದು ಆತನ ನಿಲುವು. ನಮ್ಮ ಬಂಡಾಯದ ಕಥೆಗಳ ಕೊನೆಯ ಪ್ಯಾರಾಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಎಷ್ಟು ಕಡೆ ಸೂರ್ಯ ಕೆಂಪಾಗಿ ಹುಟ್ಟಿದ್ದಾನೆ! ಸೋತು ಮನೆಗೆ ಬಂದ ಗಂಡಸು ಕತ್ತಲಲ್ಲಿ ಸುಮ್ಮನೆ ಕೂತಿರುವುದನ್ನು ಬರೆಯಲು ನಮ್ಮಲ್ಲಿ ದೇವನೂರರಂಥ ಕೆಲವರಿಗೆ ಮಾತ್ರ ಸಾಧ್ಯವಾಯಿತು. ಉಳಿದವರಿಗೆ ಸೋಲು ಎಂದರೆ ಚಳವಳಿಗೆ ಅವಮಾನ.

ಈ ಚಿತ್ರಕ್ಕೆ 1981ರಲ್ಲಿ ಬರ್ಲಿನ್ನಿನಲ್ಲಿ ವಿಮರ್ಶಕರ ಬಹುಮಾನ ಬಂತು. 1990ರಲ್ಲಿ ಅಮೆರಿಕ ಸರ್ಕಾರ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿತು. ಟಾಕೀಸಿಗೆ ಬಂದದ್ದು ಮಾತ್ರ 2007ರಲ್ಲಿ. ಮೂವತ್ತು ವರ್ಷ! ಕಾರಣ ಹಾಡು. ಕಪ್ಪು ಜನರ ಬ್ಲೂಸು, ಜಾಝಿನ ಹಳೇ ಪ್ಲೇಟುಗಳನ್ನು ಬರ್ನೆಟ್ ಚಿತ್ರಕ್ಕೆ ಬಳಸಿದ್ದ. ಅವುಗಳ ಹಕ್ಕಿಗೆ ಕೊಡಬೇಕಾಗಿದ್ದ ದುಡ್ಡು ಸುಮಾರು 1,50,000 ಡಾಲರ್. ಚಿತ್ರ ತೆಗೆಯಲು ಆದದ್ದಕ್ಕಿಂತ ಹದಿನೈದು ಪಟ್ಟು. ಹಾಡಿದವರು ಕಪ್ಪು ಜನ, ಕೇಳಿ ಬೆಳೆದದ್ದು ಕಪ್ಪು ಹುಡುಗ, ಹಕ್ಕು ಮಾತ್ರ ಕಂಪನಿಗಳ ಬೀರುವಿನಲ್ಲಿ. ನಮ್ಮ ಜನ ಕಟ್ಟಿ ಹಾಡಿದ ಪದಗಳ ಕ್ಯಾಸೆಟ್ಟಿನಿಂದ ಯಾರ ಮನೆ ಎದ್ದಿತು ಅನ್ನುವ ಲೆಕ್ಕವನ್ನು ನಮ್ಮಲ್ಲಿ ಇನ್ನೂ ಯಾರೂ ಸರಿಯಾಗಿ ಬರೆದಿಲ್ಲ.

ಹೈಲೆ ಗೆರಿಮಾನದು ಬೇರೆ ದಾರಿ. ಇಥಿಯೋಪಿಯಾದ ಗೊಂಡಾರ್‌ನಲ್ಲಿ 1946ರಲ್ಲಿ ಹುಟ್ಟಿ, 1967ರಲ್ಲಿ ನಾಟಕ ಕಲಿಯಲು ಅಮೆರಿಕಕ್ಕೆ ಬಂದ ಪರದೇಸಿ. ತನ್ನ ದೇಶದಲ್ಲಿ ಆತ ಬರೀ ಮನುಷ್ಯ, ಇಲ್ಲಿ ಬಂದ ಮೇಲೆ ಕರಿಯ. ಆತನ 'ಬುಷ್ ಮಾಮಾ' 1975ರದು, ಅಂದರೆ ನಮ್ಮ 'ಚೋಮನ ದುಡಿ'ಯ ವರ್ಷದ್ದೇ. ಅದರ ಆರಂಭದ ದೃಶ್ಯದಲ್ಲಿ ಪೋಲೀಸರು ಕೆಲವು ಕಪ್ಪು ಜನರನ್ನು ಬೀದಿಯಲ್ಲಿ ತಡೆದು ತಪಾಸಣೆ ಮಾಡುತ್ತಾರೆ. ಅದು ನಟನೆಯಲ್ಲ. ಚಿತ್ರೀಕರಣಕ್ಕೆ ನಿಂತಿದ್ದ ಗೆರಿಮಾನ ತಂಡವನ್ನೇ ಪೋಲೀಸರು ನಿಜವಾಗಿ ಹಿಡಿದಿದ್ದರು, ಕ್ಯಾಮರಾ ಓಡುತ್ತಲೇ ಇತ್ತು.

ಡೊರತಿ ಎಂಬ ಬಸುರಿ ಹೆಂಗಸು ಸರ್ಕಾರದ ಪರಿಹಾರದ ಹಣಕ್ಕೆ ಕಚೇರಿ ಅಲೆಯುತ್ತಾಳೆ. ಗಂಡ ವಿಯೆಟ್ನಾಂನಿಂದ ಬಂದವನು ಜೈಲಿನಲ್ಲಿದ್ದಾನೆ. ಬಸಿರು ತೆಗೆಸು ಅಂತ ಕಚೇರಿಯವರ ಒತ್ತಾಯ. ಕೊನೆಗೆ ತನ್ನ ಮಗಳ ಮೇಲೆ ಕೈ ಮಾಡಿದ ಪೋಲೀಸಿನವನನ್ನು ಅವಳು ಕೊಲ್ಲುತ್ತಾಳೆ. ಆದರೆ ನನ್ನನ್ನು ಹಿಡಿದದ್ದು ಕೊಲೆಯಲ್ಲ, ಕಚೇರಿ. ಜಾತಿ ಪ್ರಮಾಣಪತ್ರಕ್ಕೆ ನಮ್ಮವ್ವ ನನ್ನ ಕೈ ಹಿಡಿದುಕೊಂಡು ಒಂದು ಕಚೇರಿಯ ಮುಂದೆ ಮೂರು ದಿನ ಕೂತಿದ್ದಳು. ಮೂರನೇ ದಿನ ಗುಮಾಸ್ತ ಅರ್ಜಿಯನ್ನು ಮೇಜಿನ ಮೇಲಿಂದ ನಮ್ಮ ಕಡೆ ಎಸೆದ, ಕೈಗೆ ಕೊಡಲಿಲ್ಲ. ಡೊರತಿ ಬೆಂಚಿನ ಮೇಲೆ ಕೂತು ಗೋಡೆ ನೋಡುವ ದೃಶ್ಯಗಳಲ್ಲಿ ನನಗೆ ಕಂಡದ್ದು ಅವ್ವನ ಮುಖ. ಈ ಸಿನಿಮಾದಲ್ಲಿ ಶಬ್ದಗಳು ಒಂದರ ಮೇಲೊಂದು ಬಿದ್ದು ಕಿವಿ ಚುಚ್ಚುತ್ತವೆ. 'ಕಲೆ ಸಾಲದು, ಕೂಗಾಟ ಜಾಸ್ತಿ' ಎಂಬ ಮಾತನ್ನು ನಮ್ಮ ಕಾವ್ಯವೂ ಕೇಳಿಸಿಕೊಂಡಿದೆ. ಕಚೇರಿಯಲ್ಲಿ ಕೂತವಳ ತಲೆಯೊಳಗೆ ಬೇರೆ ಯಾವ ಶಬ್ದ ಇರಬೇಕಿತ್ತು ಅಂತ ವಿಮರ್ಶಕರೇ ಹೇಳಬೇಕು.

ಗೆರಿಮಾನ ನಿಜವಾದ ಸಾಹಸ ಚಿತ್ರ ತೆಗೆದ ಮೇಲಿನದು. ಗುಲಾಮಗಿರಿ ಕುರಿತ ಆತನ 'ಸಂಕೋಫಾ' 1993ರಲ್ಲಿ ಬರ್ಲಿನ್ ಉತ್ಸವದಲ್ಲಿ ಪ್ರದರ್ಶನವಾಯಿತು. ಅಮೆರಿಕದ ವಿತರಕರು ಯಾರೂ ಮುಟ್ಟಲಿಲ್ಲ. ಗೆರಿಮಾ ಮತ್ತು ಆತನ ಹೆಂಡತಿ ಶಿರಿಕಿಯಾನಾ ಐನಾ ಊರೂರಿನಲ್ಲಿ ಟಾಕೀಸು ಬಾಡಿಗೆ ಹಿಡಿದು, ಅಲ್ಲಲ್ಲಿನ ಕಪ್ಪು ಸಮುದಾಯವನ್ನೇ ಜೊತೆಗಿಟ್ಟುಕೊಂಡು ತೋರಿಸಿದರು. ಮಿಶೋ ಕಾರಿನಲ್ಲಿ ರೀಲು ಹೊತ್ತ ದಾರಿಯೇ ಇದು, ಎಪ್ಪತ್ತು ವರ್ಷದ ನಂತರವೂ. ಆಮೇಲೆ ವಾಷಿಂಗ್ಟನ್ನಿನಲ್ಲಿ, ತಾವು ಪಾಠ ಮಾಡುತ್ತಿದ್ದ ಹೋವರ್ಡ್ ವಿಶ್ವವಿದ್ಯಾಲಯದ ಎದುರಿಗೆ, ಅದೇ ಹೆಸರಿನ ಪುಸ್ತಕದಂಗಡಿ ತೆರೆದರು. 'ಸಂಕೋಫಾ' ಎಂದರೆ ಘಾನಾದ ಅಕಾನ್ ನುಡಿಯಲ್ಲಿ ಹಿಂದಕ್ಕೆ ಹೋಗಿ ಬಿಟ್ಟುಬಂದದ್ದನ್ನು ತೆಗೆದುಕೊಂಡು ಬಾ ಎಂದು.

ಅದೇ ಗುಂಪಿನ ಜೂಲಿ ಡ್ಯಾಷ್‌ಳ 'ಡಾಟರ್ಸ್ ಆಫ್ ದಿ ಡಸ್ಟ್' 1991ರದು. ಅಮೆರಿಕದ ಟಾಕೀಸುಗಳಲ್ಲಿ ವ್ಯಾಪಕವಾಗಿ ಬಿಡುಗಡೆಯಾದ, ಕಪ್ಪು ಹೆಂಗಸೊಬ್ಬಳು ನಿರ್ದೇಶಿಸಿದ ಮೊದಲ ಕಥಾಚಿತ್ರ ಅದು. ಹಿಂದೆ ನೂರಾರು ಗಂಡಸರ ಹೆಸರಿನ ನಂತರ ಅವಳ ಸರದಿ ಬರಲು 1991 ಆಗಬೇಕಾಯಿತು. ಈ ವಿಶೇಷ ಸಂಚಿಕೆಯ ಪರಿವಿಡಿಯಲ್ಲಿ ಹೆಂಗಸರ ಹೆಸರು ಎಷ್ಟಿವೆ ಅಂತ ಸಂಪಾದಕರು ಒಮ್ಮೆ ಎಣಿಸಿಕೊಳ್ಳಲಿ.

ಕಪ್ಪು ಜನರ ಜೊತೆ ನಮ್ಮ ನಂಟು ನನ್ನ ಕಲ್ಪನೆಯಲ್ಲ. ಬಾಬಾಸಾಹೇಬರು 1946ರಲ್ಲಿ ಡು ಬಾಯ್ಸ್ ಅವರಿಗೆ ಕಾಗದ ಬರೆದಿದ್ದರು. 1972ರಲ್ಲಿ ಮುಂಬೈ ಹುಡುಗರು ತಮ್ಮ ಸಂಘಟನೆಗೆ ಪ್ಯಾಂಥರ್ ಹೆಸರಿಟ್ಟರು. ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ಕಾವ್ಯ ಕೊಟ್ಟಿತು, ಹಾಡು ಕೊಟ್ಟಿತು, ಬೀದಿನಾಟಕ ಕೊಟ್ಟಿತು. ಕ್ಯಾಮರಾ ಕೊಡಲಿಲ್ಲ, ಅದಕ್ಕೆ ದುಡ್ಡು ಬೇಕಿತ್ತು. ಈಗ ಆ ನೆಪವೂ ಇಲ್ಲ, ಎಲ್ಲರ ಜೇಬಿನಲ್ಲೂ ಕ್ಯಾಮರಾ ಇದೆ.

ಆ ಹಿಂದಿನ ಬೆಂಚಿನ ಹುಡುಗ ಹೋದ ವರ್ಷ ತನ್ನ ಅಜ್ಜಿ ಹಬ್ಬದ ದಿನ ತಮಟೆಯ ಮುಂದೆ ನಿಂತು ಊರಿನ ಹಳೇ ಜಗಳವೊಂದನ್ನು ಹೇಳುವುದನ್ನು ಮೊಬೈಲಿನಲ್ಲಿ ಹಿಡಿದಿದ್ದ. ಇಪ್ಪತ್ತು ನಿಮಿಷದ್ದು. ಸ್ಟಾಫ್ ರೂಮಿಗೆ ತಂದು ತೋರಿಸಿದ. ಅಜ್ಜಿ ಮೂರು ತಿಂಗಳಿಗೆ ತೀರಿಕೊಂಡಳು. ಮೊನ್ನೆ ಈ ಲೇಖನಕ್ಕಾಗಿ ಅದನ್ನು ಮತ್ತೆ ನೋಡಬೇಕು ಅಂತ ಕೇಳಿದೆ. "ಮೊಬೈಲು ನೀರಿಗೆ ಬಿತ್ತು ಮೇಡಂ, ಹೋಯ್ತು" ಅಂದ. ಬೇರೆ ಯಾರಿಗಾದರೂ ಕಳಿಸಿದ್ದೆಯಾ ಅಂದರೆ, ತುಂಬ ಹೊತ್ತು ಯೋಚಿಸಿ, "ಬೆಂಗಳೂರಿನಲ್ಲಿ ಗಾರ್ಮೆಂಟ್ಸಿಗೆ ಹೋಗ್ತಾಳಲ್ಲ ನಮ್ಮಕ್ಕ, ಅವ್ಳ ಫೋನಲ್ಲಿ ಇದ್ರೂ ಇರ್ಬೋದು" ಅಂದ. ಭಾನುವಾರ ಅವಳಿಗೆ ರಜ. ಫೋನು ಮಾಡುತ್ತೇನೆ ಅಂತ ಹೇಳಿದ್ದಾನೆ.