ತ್ರೀ ನಾಟ್ ತ್ರೀ ಯಾರ ಕೈಲಿತ್ತು?

ಹಳೇ ಕನ್ನಡ ಸಿನಿಮಾಗಳಲ್ಲಿ ಫೈಟಿಂಗ್ ಎಲ್ಲ ಮುಗಿದ ಮೇಲೆ ಜೀಪಿನಿಂದ ದುಬುದುಬು ಇಳಿಯೋ ಪೊಲೀಸರನ್ನ ನೆನಪಿಸಿಕೊಳ್ಳಿ. ಅವರ ಹೆಗಲಿಗೆ ಮರದ ಮೈಯ ಉದ್ದನೆ ಬಂದೂಕು ತೂಗಾಡ್ತಿರುತ್ತಲ್ಲ, ಅದೇ ತ್ರೀ ನಾಟ್ ತ್ರೀ. ಕಾಗದದ ಮೇಲಿನ ಹೆಸರು ಲೀ-ಎನ್‌ಫೀಲ್ಡ್. ಬೋಲ್ಟಿನ ವಿನ್ಯಾಸ ಮಾಡಿದ ಜೇಮ್ಸ್ ಪ್ಯಾರಿಸ್ ಲೀ ಎಂಬಾತನಿಂದ ‘ಲೀ’ ಬಂತು, ಲಂಡನ್ನಿನ ಉತ್ತರಕ್ಕಿದ್ದ ಸರ್ಕಾರಿ ಬಂದೂಕು ಕಾರ್ಖಾನೆಯ ಊರಿನಿಂದ ‘ಎನ್‌ಫೀಲ್ಡ್’ ಬಂತು. ನೀವು ಭಾನುವಾರ ಬೆಳಗ್ಗೆ ನಂದಿಬೆಟ್ಟಕ್ಕೆ ಓಡಿಸೋ ರಾಯಲ್ ಎನ್‌ಫೀಲ್ಡ್‌ಗೂ ಅದೇ ಊರಿನ ಹೆಸರು. ಆ ಕಂಪನಿ ಶುರುವಿನಲ್ಲಿ ಈ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡ್ತಿತ್ತು.

1895ರಲ್ಲಿ ಬ್ರಿಟಿಷ್ ಸೈನ್ಯ ಸೇರಿದ ಈ ಬಂದೂಕು ಎರಡು ಮಹಾಯುದ್ಧ ನೋಡಿತು. ಆಮೇಲೆ ಲಕ್ಷಗಟ್ಟಲೆ ಬಂದೂಕುಗಳು ಸೈನ್ಯಗಳಿಗೆ ಬೇಡವಾದವು. ಬ್ರಿಟನ್, ಅಮೆರಿಕ, ಕೆನಡಾದಲ್ಲಿ ಅವನ್ನು ಕೊಂಡು ವಾರಾಂತ್ಯಕ್ಕೆ ಗುರಿ ಹೊಡೆಯೋ ಹವ್ಯಾಸಿಗಳ ದೊಡ್ಡ ಬಳಗವೇ ಇದೆ. ಸುಮಾರು ನಾಲ್ಕು ಕೆಜಿ ತೂಕ, ಹತ್ತು ಗುಂಡಿನ ಮ್ಯಾಗಜೀನು. ಬೋಲ್ಟನ್ನು ಸ್ವಲ್ಪವೇ ಎತ್ತಿ ಎಳೆದು ತಳ್ಳಿದರೆ ಮುಂದಿನ ಗುಂಡು ರೆಡಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಬ್ರಿಟಿಷ್ ಸಿಪಾಯಿಗೆ ಒಂದು ಪರೀಕ್ಷೆ ಇತ್ತು: 300 ಗಜ ದೂರದ ಗುರಿಗೆ ಒಂದು ನಿಮಿಷದಲ್ಲಿ 15 ಗುಂಡು. ಅದರ ಅಡ್ಡಹೆಸರು ‘ಮ್ಯಾಡ್ ಮಿನಿಟ್’. ಇವತ್ತಿಗೂ ಹವ್ಯಾಸಿಗಳು ಅದನ್ನೇ ಪ್ರಯತ್ನಿಸಿ ಸುಸ್ತಾಗ್ತಾರೆ. ಹಳೇ ಮಿಲಿಟರಿ ಗುಂಡು ಬಳಸಿದರೆ ಇನ್ನೊಂದು ಕೆಲಸವೂ ಇದೆ. ಅದರ ರಾಸಾಯನಿಕ ಉಪ್ಪಿನಂಶ ಬಿಟ್ಟು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತೆ. ಹಾಗಾಗಿ ಮನೆಗೆ ಬಂದ ಕೂಡಲೇ ನಳಿಗೆಯೊಳಗೆ ಕುದಿಯೋ ನೀರು ಸುರಿದು, ಒಣಗಿಸಿ, ಎಣ್ಣೆ ಹಾಕಬೇಕು.

ಅಮೆರಿಕದ ಫೈರಿಂಗ್ ರೇಂಜುಗಳಲ್ಲಿ ಕಾಣಸಿಗುವ ಇಂಥ ಹಳೇ ಬಂದೂಕುಗಳಲ್ಲಿ ಒಂದು ಜಾತಿಯದ್ದರ ಹಿಡಿಯ ಮೇಲೆ ಅಶೋಕ ಸ್ತಂಭದ ಸಿಂಹಗಳಿವೆ, ಕೆಳಗೆ ‘ಆರ್‌ಎಫ್‌ಐ’ ಅಂತ ಮುದ್ರೆ. ಅಂದ್ರೆ ಇಚ್ಛಾಪುರ ರೈಫಲ್ ಫ್ಯಾಕ್ಟರಿ, ಕೋಲ್ಕತ್ತಾದ ಉತ್ತರಕ್ಕೆ, ಹೂಗ್ಲಿ ನದಿ ದಡದ್ದು. 1962ರ ಯುದ್ಧದಲ್ಲಿ ನಮ್ಮ ಜವಾನರು .303 ಹಿಡಿದು ಚೀನಾದ ಸ್ವಯಂಚಾಲಿತ ಬಂದೂಕುಗಳನ್ನು ಎದುರಿಸಿದರಲ್ಲ, ಅದಾದ ಮೇಲೆ ಇಚ್ಛಾಪುರದವರು ಹಳೇ ವಿನ್ಯಾಸಕ್ಕೇ ಗಟ್ಟಿ ಉಕ್ಕು ಹಾಕಿ 7.62 ಎಂಎಂ ಗುಂಡಿಗೆ ಹೊಂದಿಸಿದರು. ಹೆಸರು 2ಎ, ಆಮೇಲೆ 2ಎ1. ಹಳೇ ಸೈಟಿನಲ್ಲಿ 2000ದವರೆಗೂ ಇದ್ದ ದೂರದ ಗುರುತನ್ನು 2ಎ1ನಲ್ಲಿ 800 ಮೀಟರಿಗೆ ಇಳಿಸಿದರು. ಅನುಭವದಿಂದ ಬಂದ ಪ್ರಾಮಾಣಿಕತೆ ಅನ್ನಬಹುದು. ಸೈನ್ಯಕ್ಕೆ ಬೇಡವಾದ ಮೇಲೆ ಅವು ಹಡಗು ಹತ್ತಿದವು.

ಟೆಕ್ಸಾಸಿನಲ್ಲಿರೋ ಒಬ್ಬ ಟೆಕ್ಕಿ ಅಶೋಕ ಸ್ತಂಭದ ಬಂದೂಕಿನಲ್ಲಿ ಕಾಗದಕ್ಕೆ ಗುರಿ ಹೊಡೀಬಹುದು. ಅದನ್ನು ಮಾಡಿದ ದೇಶದಲ್ಲಿರೋ ನಾನು, ನೀವು ಹಾಗೆ ಕೊಂಡು ತರೋ ಹಾಗಿಲ್ಲ. ಸೈನ್ಯದ ಅಳತೆಯ ಬಂದೂಕು ಸಾಮಾನ್ಯ ನಾಗರಿಕರಿಗೆ ಇಲ್ಲಿ ನಿಷಿದ್ಧ. ಯಾಕೆ ಅಂತ ಕೇಳಿದ್ರೆ ಉತ್ತರ 1857ಕ್ಕೆ ಹೋಗುತ್ತೆ.

ಆ ವರ್ಷ ಸಿಪಾಯಿಗಳು ಸಿಡಿದೆದ್ದದ್ದು ಎನ್‌ಫೀಲ್ಡ್ ಹೆಸರಿನದೇ ಇನ್ನೊಂದು ಹಳೇ ಬಂದೂಕಿನ, ಕೊಬ್ಬು ಸವರಿದ ಕಾಡತೂಸಿನಿಂದ ಅನ್ನೋದು ಎಲ್ಲರಿಗೂ ಗೊತ್ತು. ಹೆದರಿದ ಕಂಪನಿ ಸರ್ಕಾರ ಜನರ ಆಯುಧ ಕಿತ್ತುಕೊಳ್ಳೋ ಕಾಯಿದೆ ತಂತು. ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡಲ್ಲ ಅಂದರು. ಹತ್ತನೇ ಕ್ಲಾಸಿನಲ್ಲಿ ಅವರ ಲಾವಣಿ ಓದಿ, ಪರೀಕ್ಷೆ ಬರೆದು, ಮರೆತಿದ್ದೇವೆ. 1857ರ ನವೆಂಬರಿನಲ್ಲಿ ಸೈನ್ಯ ಬಂದು ಊರಿಗೇ ಬೆಂಕಿಯಿಟ್ಟಿತು. ಮುಂದಾಳುಗಳನ್ನು ಗಲ್ಲಿಗೇರಿಸಿದರು.

ನಾಲ್ಕು ವರ್ಷ ಕಳೆದು, 1861ರಲ್ಲಿ, ಇದೇ ಕರ್ನಾಟಕದ ಇನ್ನೊಂದು ಮೂಲೆಯಲ್ಲಿ ತದ್ವಿರುದ್ಧ ನಡೀತು. ಬೆಂಗಳೂರಿಗೆ ಪಾರ್ಕಿನ ಹೆಸರು ಬಿಟ್ಟುಹೋದ ಮಾರ್ಕ್ ಕಬ್ಬನ್, ಕೊಡಗಿನವರಿಗೆ ಆ ಕಾಯಿದೆಯಿಂದ ವಿನಾಯಿತಿ ಕೊಟ್ಟರು. ದಂಗೆಯ ಹೊತ್ತಿನಲ್ಲಿ ಸರ್ಕಾರದ ಪರ ನಿಂತದ್ದಕ್ಕೆ ಸಿಕ್ಕ ಬಹುಮಾನ ಅದು. ಕೊಡವರಿಗೆ ಕೋವಿ ಆಮೊದಲೇ ಮನೆಯ ಸದಸ್ಯನ ಹಾಗೆ ಇತ್ತು. ಇವತ್ತಿಗೂ ಸೆಪ್ಟೆಂಬರಿನ ಕೈಲ್ ಪೋಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ನಡೆಸ್ತಾರೆ. ಸ್ವತಂತ್ರ ಭಾರತವೂ ಆ ವಿನಾಯಿತಿಯನ್ನು ಮುಂದುವರಿಸಿಕೊಂಡು ಬಂದಿದೆ.

ಹಲಗಲಿಗೆ ಬೆಂಕಿ, ಕೊಡಗಿಗೆ ವಿನಾಯಿತಿ. ಯಾರಿಗೆ ಗುರಿ ಚೆನ್ನಾಗಿ ಬರುತ್ತೆ ಅಂತ ಯಾರೂ ನೋಡಲಿಲ್ಲ, ಯಾರನ್ನ ನಂಬಬಹುದು ಅಂತ ಮಾತ್ರ ನೋಡಿದರು. 1878ರ ಆಯುಧ ಕಾಯಿದೆ ಇದನ್ನು ಇಡೀ ದೇಶಕ್ಕೆ ಹಾಸಿತು. ಭಾರತೀಯನಿಗೆ ಲೈಸೆನ್ಸು ಬೇಕು, ಯುರೋಪಿಯನ್ನರಿಗೆ ಬೇಡ.

ತಮಾಷೆ ಅಂದ್ರೆ ಆ ಅಪನಂಬಿಕೆಗೆ ಮಿಲಿಮೀಟರಿನ ಲೆಕ್ಕವೂ ಇತ್ತು. 20ನೇ ಶತಮಾನದ ಶುರುವಿನಲ್ಲಿ ಸರ್ಕಾರಕ್ಕೆ ಒಂದು ದಿಗಿಲು: ಸೈನ್ಯದ .303 ಗುಂಡನ್ನು ಯಾರಾದ್ರೂ ಕದ್ದು ತಮ್ಮ ಬಂದೂಕಿಗೆ ಹಾಕಿಕೊಂಡ್ರೆ? ಹಾಗಾಗಿ .303 ಖಾಸಗಿಯವರಿಗೆ ಬಂದ್. ಬದಲಿಗೆ ಬೇಟೆಗಾರರಿಗೆ, ಜಮೀನ್ದಾರರಿಗೆ ಅಂತ ಬಂದದ್ದು .315. ಅದು ಆಸ್ಟ್ರಿಯಾದ ಒಂದು ಹಳೇ ಕಾಡತೂಸಿಗೆ ಇಟ್ಟ ಹೊಸ ಹೆಸರು. ಬಂದೂಕಿನ ಬೋಲ್ಟು ಅದೇ ಲೀ-ಎನ್‌ಫೀಲ್ಡ್‌ದು, ನಳಿಗೆಯ ಅಳತೆ ಮಾತ್ರ ಬೇರೆ. ಬ್ರಿಟಿಷರು ಹೋದ ಮೇಲೂ ನಮ್ಮ ಕಾರ್ಖಾನೆಗಳು ಅದೇ .315 ಮಾಡುತ್ತಾ ಬಂದವು. ಫೋನ್ ಅದೇ, ಚಾರ್ಜರ್ ಪಿನ್ನು ಮಾತ್ರ ಬೇಕಂತಲೇ ಬೇರೆ ಇಟ್ಟ ಹಾಗೆ. ಒಂದು ಸಾಮ್ರಾಜ್ಯದ ಹೆದರಿಕೆ ಒಂದು ತೂತಿನ ಅಗಲವಾಗಿ ಉಳಿದುಕೊಳ್ತು.

ಇದೇ ಕುಟುಂಬದ ಚಿಕ್ಕ ತಮ್ಮ .22. ತ್ರೀ ನಾಟ್ ತ್ರೀಯ ಮೈಗೇ ಸಣ್ಣ ನಳಿಗೆ ಕೂರಿಸಿ ತರಬೇತಿಗೆ ಮಾಡಿದ್ದು. ನಮ್ಮಲ್ಲಿ ಬಹಳ ಜನ ಈ ವಂಶದ ಬಂದೂಕು ಮುಟ್ಟಿದ್ದರೆ ಅದು ಎನ್‌ಸಿಸಿ ಕ್ಯಾಂಪಿನಲ್ಲೇ. ನಾನೂ ಅಲ್ಲೇ ಮುಟ್ಟಿದ್ದು. ಕೆಂಪು ಮಣ್ಣಿನ ಮೇಲೆ ಬೋರಲು ಮಲಗಿ, 25 ಗಜ ದೂರದ ಕಾಗದಕ್ಕೆ ಐದು ಗುಂಡು. ಟ್ರಿಗರನ್ನು ಎಳೆದರೆ ಮೊದಲು ಸ್ವಲ್ಪ ಸಡಿಲವಾಗಿ ಬರುತ್ತೆ, ಆಮೇಲೆ ಒಂದು ಕಡೆ ತಡೆದು ನಿಲ್ಲುತ್ತೆ. ಅಲ್ಲಿ ಉಸಿರು ಅರ್ಧ ಬಿಟ್ಟು ಹಿಡಿದು, ನಿಧಾನಕ್ಕೆ ಒತ್ತಬೇಕು. “ಹೊಡೀಬೇಡಪ್ಪಾ, ಒತ್ತು. ಅದಾಗೇ ಹೋಗ್ಬೇಕು” ಅಂದ್ರು ಹವಾಲ್ದಾರರು. ಐದರಲ್ಲಿ ಮೂರು ತೂತು ಒಂದು ಕಾಫಿ ಲೋಟದ ಅಗಲದಲ್ಲಿ ಬಿದ್ದಿದ್ದವು. ಆಚೀಚೆಯವರದ್ದೂ ಹೆಚ್ಚೂಕಮ್ಮಿ ಅಷ್ಟೇ. ನಮ್ಮ ಸಾಲಿನಲ್ಲಿ ಬೇಸಾಯದ ಮನೆಯ ಹುಡುಗ, ದರ್ಜಿಯ ಮಗಳು, ಬ್ಯಾಂಕ್ ಮ್ಯಾನೇಜರ ಮಗ ಎಲ್ಲ ಮಲಗಿದ್ದರು. ನೀನು ಯಾವ ಊರು, ಯಾವ ಜನ, 1857ರಲ್ಲಿ ನಿಮ್ಮಜ್ಜ ಯಾವ ಕಡೆ ಇದ್ದ ಅಂತ ಯಾರೂ ಕೇಳಲಿಲ್ಲ. ಇತಿಹಾಸ ಓದಿದ ಮೇಲೆ ಆ ಐದು ಗುಂಡಿನ ಬೆಲೆ ನನಗೆ ಗೊತ್ತಾಯಿತು. 1948ರಲ್ಲಿ ಎನ್‌ಸಿಸಿ ಕಟ್ಟಿದ ಹೊಸ ದೇಶ, ಹಲಗಲಿಯಿಂದ ಕಿತ್ತುಕೊಂಡಿದ್ದನ್ನು ಕಾಲೇಜು ಹುಡುಗರ ಕೈಗೆ ಐದೈದು ನಿಮಿಷಕ್ಕಾದರೂ ಇಟ್ಟಿತ್ತು.

ಬಂದೂಕು ಎಲ್ಲರ ಮನೆಗೂ ಬರಲಿ ಅಂತ ನಾನು ಹೇಳ್ತಿಲ್ಲ. ಅಮೆರಿಕದ ಶಾಲೆಗಳ ಸುದ್ದಿ ಓದಿದವರು ಯಾರೂ ಹಾಗೆ ಹೇಳಲಾರರು. ನಮ್ಮ ಕಾನೂನು ಬಿಗಿಯಾಗೇ ಇರಲಿ. ಆದರೆ ಅದರ ಎಷ್ಟು ಭಾಗ ನಮ್ಮ ಸುರಕ್ಷತೆಗೆ, ಎಷ್ಟು ಭಾಗ ಯಾರದೋ ಹಳೇ ಹೆದರಿಕೆಗೆ ಅನ್ನೋದು ಗೊತ್ತಿರಬೇಕು.

2008ರ ನವೆಂಬರ್ 26ರ ರಾತ್ರಿ ಮುಂಬೈನ ಸಿಎಸ್‌ಟಿ ನಿಲ್ದಾಣದಲ್ಲಿ ಎಕೆ-47ಗೆ ಎದುರಾಗಿ ಪೊಲೀಸರ ಕೈಲಿದ್ದದ್ದು ಇದೇ ಮುದುಕ ಬಂದೂಕು. ಉತ್ತರಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಕೆನಡಾದ ಹಿಮಪ್ರದೇಶ ಕಾಯುವ ರೇಂಜರ್ ಪಡೆಗೂ 2018ರ ಹೊತ್ತಿಗೆ ಹೊಸ ಬಂದೂಕು ಬರತೊಡಗಿತು. ಆ ರೇಂಜರುಗಳಲ್ಲಿ ಬಹಳ ಮಂದಿ ಅಲ್ಲಿನ ಮೂಲನಿವಾಸಿಗಳು. ಹಳೇ ಲೀ-ಎನ್‌ಫೀಲ್ಡನ್ನು ಏನು ಮಾಡೋದು? ಅರ್ಹರಾದವರು ತಾವು ಹೊತ್ತದ್ದನ್ನು ತಾವೇ ಇಟ್ಟುಕೊಳ್ಳಬಹುದು ಅಂತ ಸರ್ಕಾರ ಹೇಳಿತು. ಅಷ್ಟು ವರ್ಷ ಗಡಿ ಕಾದವರನ್ನು ಇನ್ನೂ ಅಳೆಯೋದು ಏನಿದೆ?